ಅಂಗೈಗೆ ಬಂದ ಸುದ್ದಿ ಯಾರ ಮಾತು?

ಕುಟುಂಬ ಭೇಟಿಗೆಂದು ಮಾಲೂರು ತಾಲ್ಲೂಕಿನ ಗ್ರಾಮವೊಂದಕ್ಕೆ ಹೋಗಿದ್ದಾಗ ಕಂಡ ದೃಶ್ಯವೊಂದನ್ನು ಮೊದಲು ಓದುಗರ ಮುಂದಿಡುತ್ತೇವೆ. ಸಂಜೆ ಏಳೂವರೆಯ ಸಮಯ. ಜಪಸರದ ಪ್ರಾರ್ಥನೆ ಆಗಷ್ಟೇ ಮುಗಿದಿತ್ತು. ಪಡಸಾಲೆಯಲ್ಲಿ ಐದು ಮಂದಿ, ಅವರ ಕೈಗಳಲ್ಲಿ ನಾಲ್ಕು ಮೊಬೈಲುಗಳು. ಮನೆಯ ಯಜಮಾನರು ಟೊಮೆಟೊ ಧಾರಣೆ ನೋಡುತ್ತಿದ್ದರು. ಗೃಹಿಣಿ ತೆಲುಗು ಧಾರಾವಾಹಿಯೊಂದರಲ್ಲಿ ಮಗ್ನರಾಗಿದ್ದರು. ನರಸಾಪುರದ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದಿದ್ದ ಮಗ ಕ್ರಿಕೆಟ್ ನೋಡುತ್ತಿದ್ದ. ಕಾಲೇಜಿಗೆ ಹೋಗುವ ಮಗಳು ಏನು ನೋಡುತ್ತಿದ್ದಳೆಂದು ನಾವು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಬರಿಗೈಯಲ್ಲಿ ಕುಳಿತಿದ್ದ ಅಜ್ಜಿ ಮಾತ್ರ ನಮ್ಮತ್ತ ತಿರುಗಿ, "ಏನು ಸ್ವಾಮಿ, ಲೋಕದಲ್ಲಿ ಏನು ಸಮಾಚಾರ?" ಎಂದು ಕೇಳಿದರು. ಲೋಕದ ಸಮಾಚಾರವೆಲ್ಲ ಬಂದು ಬೀಳುವ ನಾಲ್ಕು ಯಂತ್ರಗಳಿದ್ದ ಆ ಮನೆಯಲ್ಲಿ ಈ ಪ್ರಶ್ನೆಯನ್ನು ಅವರು ಅತಿಥಿಯನ್ನೇ ಕೇಳಬೇಕಾಯಿತು.

ಇದೇ ಮನೆಯ ಮೂಲೆಯಲ್ಲಿ ದೂರದರ್ಶನದ ಪೆಟ್ಟಿಗೆಯೊಂದು ಬಟ್ಟೆ ಹೊದ್ದು ಕುಳಿತಿತ್ತು. ಅದು ಬಂದ ದಿನಗಳು ನಮ್ಮ ವಯಸ್ಸಿನವರಿಗೆ ಚೆನ್ನಾಗಿ ನೆನಪಿವೆ. 1987-88ರಲ್ಲಿ ರಾಮಾಯಣ ಧಾರಾವಾಹಿಯನ್ನು ನೋಡಲು ಜಾತಿ ಮತಗಳ ಭೇದವಿಲ್ಲದೆ ಬೀದಿಯ ಜನರೆಲ್ಲ ಒಂದೇ ಮನೆಯಲ್ಲಿ ನೆರೆಯುತ್ತಿದ್ದರು. ಮನೆಯೊಡೆಯರ ಕಷ್ಟ ಅವರಿಗೇ ಗೊತ್ತು! 1994ರಲ್ಲಿ ಉದಯ ಟಿವಿ ಬಂದಾಗ ದೂರದರ್ಶನದ ಏಕಸ್ವಾಮ್ಯ ಮುರಿಯಿತೇ ಹೊರತು ಮನೆಮಂದಿ ಒಟ್ಟಿಗೆ ಕುಳಿತು ನೋಡುವ ಪದ್ಧತಿ ಮುರಿಯಲಿಲ್ಲ. ಅದಕ್ಕೂ ಹಿಂದೆ ಆಕಾಶವಾಣಿಯ ವಾರ್ತೆಗೆ ಗೊತ್ತಾದ ಹೊತ್ತಿತ್ತು. ಪತ್ರಿಕೆಗೆ ಗೊತ್ತಾದ ಸ್ಥಳವಿತ್ತು, ಅದು ಬಸ್ ನಿಲ್ದಾಣದ ಹೋಟೆಲು ಅಥವಾ ಕ್ಷೌರದ ಅಂಗಡಿ. ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು, ಹತ್ತು ಮಂದಿ ಕೇಳುತ್ತಿದ್ದರು. ಅವರಲ್ಲಿ ಇಬ್ಬರಾದರೂ "ಅದು ಹಾಗಲ್ಲ" ಎಂದು ತಕರಾರು ತೆಗೆಯುತ್ತಿದ್ದರು.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಲಭ್ಯವಾದದ್ದು 1995ರ ಆಗಸ್ಟ್ 15ರಂದು. ಆದರೆ ಹಳ್ಳಿಗಳಲ್ಲಿ ಅದು ಮನೆಮಾತಾದದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಆರಂಭವಾಗಿ ಡೇಟಾದ ಬೆಲೆ ಕುಸಿದ ಮೇಲೆಯೇ. ಇದೇ ಜಿಲ್ಲೆಯ ಚಿನ್ನದ ಗಣಿಗಳಿಗೆ ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಬಂದಿತ್ತು. ಆ ಬೆಳಕು ಸುತ್ತಲಿನ ಗ್ರಾಮಗಳ ಗುಡಿಸಲುಗಳನ್ನು ಮುಟ್ಟಲು ದಶಕಗಳೇ ಹಿಡಿದವು. ಮೊಬೈಲಿಗಾದರೋ ಕೆಲವೇ ವರ್ಷ ಸಾಕಾಯಿತು.

ಇದರಿಂದಾದ ಉಪಕಾರವನ್ನು ಅಲ್ಲಗಳೆಯುವವರ ಸಾಲಿಗೆ ನಾವು ಸೇರುವುದಿಲ್ಲ. ಶ್ರೀನಿವಾಸಪುರದ ರೈತನು ಕೋಲಾರ, ವಡ್ಡಹಳ್ಳಿ, ಮದನಪಲ್ಲಿ ಮಾರುಕಟ್ಟೆಗಳ ಧಾರಣೆಯನ್ನು ಹೊಲದಲ್ಲಿ ನಿಂತೇ ಹೋಲಿಸಿ ನೋಡಿ ಟೊಮೆಟೊವನ್ನು ಎಲ್ಲಿಗೆ ಸಾಗಿಸಬೇಕೆಂದು ನಿರ್ಧರಿಸಬಲ್ಲ. 2023ರ ಜುಲೈ ತಿಂಗಳಿನಲ್ಲಿ ಹದಿನೈದು ಕಿಲೋ ಪೆಟ್ಟಿಗೆಯ ಬೆಲೆ ಕೋಲಾರದಲ್ಲಿ ಎರಡು ಸಾವಿರ ರೂಪಾಯಿ ದಾಟಿದಾಗ ಈ ಅರಿವಿನ ಬೆಲೆ ಎಷ್ಟೆಂಬುದು ಎಲ್ಲರಿಗೂ ಗೊತ್ತಾಯಿತು. ಮಧ್ಯವರ್ತಿಯೊಬ್ಬನೇ ಬಲ್ಲವನಾಗಿದ್ದ ಕಾಲ ಹೋಯಿತು. 2020ರಲ್ಲಿ ದೇವಾಲಯಗಳ ಬಾಗಿಲು ಮುಚ್ಚಿದಾಗಲೂ ಈ ಯಂತ್ರವೇ ಕೈಹಿಡಿಯಿತು. ಆ ವರ್ಷ ಮಾರ್ಚ್ 27ರ ಸಂಜೆ ಮಳೆಯಲ್ಲಿ ತೋಯ್ದ ಸಂತ ಪೇತ್ರರ ಚೌಕದಲ್ಲಿ ಒಬ್ಬಂಟಿಯಾಗಿ ನಿಂತು ಪ್ರಾರ್ಥಿಸಿದ ಜಗದ್ಗುರು ಫ್ರಾನ್ಸಿಸರನ್ನು ನಮ್ಮ ಹಳ್ಳಿಗಳ ಕುಟುಂಬಗಳೂ ಅಂಗೈಯಲ್ಲಿ ಕಂಡವು. ಹಾಸಿಗೆ ಹಿಡಿದ ಹಿರಿಯರು ಇಂದಿಗೂ ಪೂಜೆಯನ್ನು ಹಾಗೆಯೇ ನೋಡಿ ಸಮಾಧಾನ ಪಡೆಯುತ್ತಾರೆ. (ಗಟ್ಟಿಮುಟ್ಟಾದ ಕೆಲವರೂ ಹಾಗೆಯೇ ಸಮಾಧಾನ ಪಟ್ಟುಕೊಳ್ಳುತ್ತಿದ್ದಾರೆ, ಆ ವಿಷಯ ಇನ್ನೊಂದು ವಾರಕ್ಕಿರಲಿ.)

ಭಾಷೆಯ ವಿಷಯದಲ್ಲಿ ಆಗುತ್ತಿರುವ ಬದಲಾವಣೆಯನ್ನು ನಮ್ಮ ವಿದ್ವಾಂಸರು ಸಾಕಷ್ಟು ಗಮನಿಸಿದಂತಿಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಬಹಳ ಮನೆಗಳಲ್ಲಿ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಶಾಲೆ ಬಿಟ್ಟ ನಂತರವೂ ಇಂಥ ಮನೆಗಳಲ್ಲಿ ಕನ್ನಡದ ಅಕ್ಷರವನ್ನು ಜೀವಂತವಾಗಿಟ್ಟದ್ದು ದಿನಪತ್ರಿಕೆ. ಈಗಿನ ವಿಡಿಯೋಗೆ ಅಕ್ಷರವೇ ಬೇಡ. ಯಾರು ಯಾವ ಭಾಷೆಯಲ್ಲಿ ನೋಡಲು ಆರಂಭಿಸುತ್ತಾರೋ ಯಂತ್ರವು ಅವರಿಗೆ ಅದನ್ನೇ ಮತ್ತೆ ಮತ್ತೆ ಬಡಿಸುತ್ತದೆ. ಒಂದೇ ಸೂರಿನ ಕೆಳಗೆ ತಂದೆಯ ಲೋಕ ಕನ್ನಡದ್ದು, ತಾಯಿಯದು ತೆಲುಗಿನದು, ಮಕ್ಕಳದು ಇಂಗ್ಲಿಷಿನದು ಆಗುತ್ತಿದೆ. ತೆಲುಗಿನ ಮೇಲೆ ನಮಗೇನೂ ಮುನಿಸಿಲ್ಲ. ನಾವೂ ಆ ಮಾತಿನಲ್ಲಿ ಪಾಪನಿವೇದನೆ ಕೇಳುತ್ತೇವೆ. ಆದರೆ ಒಬ್ಬರು ತಿಳಿದ ಸುದ್ದಿಯನ್ನು ಇನ್ನೊಬ್ಬರು ಅದೇ ಹೊತ್ತಿಗೆ ಕೇಳಿರದಿದ್ದರೆ ಅದನ್ನು ಅಲ್ಲಗಳೆಯುವವರು ಮನೆಯಲ್ಲಿ ಯಾರೂ ಇರುವುದಿಲ್ಲ.

ನಮ್ಮ ಚಿಂತೆ ಇಲ್ಲಿಂದಲೇ ಆರಂಭವಾಗುತ್ತದೆ. ಗುರುವಿದ್ಯಾಮಂದಿರದಲ್ಲಿ ತತ್ವಶಾಸ್ತ್ರ ಓದುವಾಗ ಸಂತ ತೋಮಸ್ ಅಕ್ವಿನಾಸರ ಜೊತೆಗೆ ಭಾರತೀಯ ನ್ಯಾಯದರ್ಶನವನ್ನೂ ನಮಗೆ ಕಲಿಸಿದ್ದರು. ಪ್ರತ್ಯಕ್ಷ, ಅನುಮಾನ, ಉಪಮಾನಗಳಂತೆ ಶಬ್ದವೂ, ಅಂದರೆ ಬೇರೊಬ್ಬರ ಮಾತೂ, ಜ್ಞಾನಕ್ಕೆ ಒಂದು ಪ್ರಮಾಣವೆಂದು ನೈಯಾಯಿಕರು ಒಪ್ಪುತ್ತಾರೆ. ಆದರೆ ಆ ಮಾತು ಆಪ್ತನದಾಗಿರಬೇಕು. ಆಪ್ತನೆಂದರೆ ನಂಟನಲ್ಲ. ವಿಷಯವನ್ನು ತಾನೇ ಕಂಡು ತಿಳಿದು, ಕಂಡದ್ದನ್ನು ಕಂಡಂತೆ ಹೇಳುವ ಇಚ್ಛೆಯುಳ್ಳವನು ಆಪ್ತ. ಭಾಷ್ಯಕಾರ ವಾತ್ಸ್ಯಾಯನನು ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆನ್ನುತ್ತಾನೆ. ಹೇಳುವವನ ಕುಲ ಮುಖ್ಯವಲ್ಲ, ಅವನು ಕಂಡಿದ್ದಾನೆಯೇ ಎಂಬುದು ಮುಖ್ಯ. ವಾಟ್ಸಾಪಿನಲ್ಲಿ ನಮ್ಮ ಕೈಗೆ ಬರುವ ಸುದ್ದಿಯನ್ನು ಕಳುಹಿಸಿದವರು ಸೋದರಮಾವನೋ ಗೆಳೆಯನೋ ಆಗಿರುತ್ತಾರೆ, ಆದ್ದರಿಂದ ನಂಬುತ್ತೇವೆ. ಅವರು ನಂಟರೇ ಸರಿ. ಆದರೆ ಆ ಘಟನೆಯನ್ನು ಅವರು ಕಂಡಿಲ್ಲ, ಅವರಿಗೆ ಕಳುಹಿಸಿದವರೂ ಕಂಡಿಲ್ಲ. ಕಂಡವನು ಯಾರೆಂದು ಕೇಳುತ್ತ ಹೋದರೆ ಸರಪಳಿಗೆ ತುದಿಯೇ ಸಿಗುವುದಿಲ್ಲ.

ಪತ್ರಿಕೆಯ ಕೊನೆಯ ಪುಟದ ಬುಡದಲ್ಲಿ ಯಾರೂ ಓದದ ಒಂದು ಸಾಲಿರುತ್ತದೆ: ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು, ಮುದ್ರಿಸಿದ್ದು ಎಲ್ಲಿ ಎಂಬ ಸಾಲು. ಹೆಸರು ಮುದ್ರಿಸಲೇಬೇಕೆಂಬ ನಿಯಮ 1867ರ ಕಾಯಿದೆಯಿಂದ ಬಂದದ್ದು; ಆ ಕಾಯಿದೆಯ ಸ್ಥಾನದಲ್ಲಿ 2023ರಲ್ಲಿ ಹೊಸ ಶಾಸನವಾಗಿದೆ. ಬ್ರಿಟಿಷರು ಅದನ್ನು ಮಾಡಿದ್ದು ಪತ್ರಿಕೆಗಳ ಮೇಲೆ ಕಣ್ಣಿಡುವುದಕ್ಕೆಂಬುದು ನಿಜ. ಆದರೂ ಓದುಗನಿಗೆ ಅದರಿಂದೊಂದು ಹಕ್ಕು ದಕ್ಕಿತು. ತಪ್ಪು ಅಚ್ಚಾದರೆ ಯಾರ ಬಾಗಿಲು ತಟ್ಟಬೇಕೆಂಬುದು ಅವನಿಗೆ ತಿಳಿದಿರುತ್ತದೆ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಪತ್ರಕರ್ತರಾಗಿ ಬಾಳಿದವರು. ಮಾಲೂರು ತಾಲ್ಲೂಕಿನ ಮಾಸ್ತಿಯವರು 'ಜೀವನ' ಮಾಸಪತ್ರಿಕೆಯನ್ನು ಎರಡು ದಶಕಗಳ ಕಾಲ ಸಂಪಾದಿಸಿದರು. ಒಪ್ಪದವರು ಅವರ ಮೇಲೆ ಸಿಟ್ಟಾಗಬಹುದಿತ್ತು, ಪತ್ರ ಬರೆಯಬಹುದಿತ್ತು. ಹೆಸರಿಲ್ಲದ ಸಂದೇಶದ ಮೇಲೆ ಸಿಟ್ಟಾಗಲೂ ದಾರಿಯಿಲ್ಲ.

ನಮ್ಮ ಜಿಲ್ಲೆಯಲ್ಲೇ ನಡೆದದ್ದನ್ನು ನೋಡೋಣ. 2020ರ ಡಿಸೆಂಬರ್ 12, ಶನಿವಾರ ಬೆಳಿಗ್ಗೆ ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಲಭೆಯಾಯಿತು. ಗಾಜು ಒಡೆದದ್ದು, ವಾಹನಗಳು ಮಗುಚಿ ಬಿದ್ದದ್ದು ಎಲ್ಲವೂ ಗಂಟೆಗಳೊಳಗೆ ದೇಶದ ಮೊಬೈಲುಗಳಲ್ಲಿ ಹರಿದಾಡಿತು. ಫೋನು ತಯಾರಿಸುವವರ ಕೋಪವನ್ನು ಲೋಕವು ಫೋನಿನಲ್ಲೇ ನೋಡಿತು. ಆ ತುಣುಕುಗಳಲ್ಲಿ ಕೋಪವಿತ್ತು, ಅದರ ಕಾರಣವಿರಲಿಲ್ಲ. ಗುತ್ತಿಗೆದಾರರ ಮೂಲಕ ಸೇರಿದ್ದ ಯುವಕರಿಗೆ ಹೇಳಿದಷ್ಟು ವೇತನ ಕೈಗೆ ಬಂದಿಲ್ಲ, ಪಾಳಿ ಹನ್ನೆರಡು ಗಂಟೆಗೆ ಬೆಳೆದಿದೆ ಎಂಬ ದೂರುಗಳು ನಿಧಾನವಾಗಿ ಹೊರಬಂದವು. ಮೊದಲು ಪೊಲೀಸರಿಗೆ ಕೊಟ್ಟ ದೂರಿನಲ್ಲಿ ನಷ್ಟ 437 ಕೋಟಿ ರೂಪಾಯಿ ಎಂದಿತ್ತು. ಕೆಲವೇ ದಿನಗಳಲ್ಲಿ ಕಂಪನಿಯೇ ತೈವಾನಿನ ಷೇರುಪೇಟೆಗೆ ತಿಳಿಸಿದ ಅಂದಾಜು ನಮ್ಮ ಲೆಕ್ಕದಲ್ಲಿ 26ರಿಂದ 52 ಕೋಟಿ. ಡಿಸೆಂಬರ್ 19ರಂದು ಕಂಪನಿಯು ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲದಲ್ಲಿ ವೇತನ ಸಂದಿಲ್ಲವೆಂದು ಒಪ್ಪಿ ಕ್ಷಮೆ ಕೋರಿತು. ಆಪಲ್ ಸಂಸ್ಥೆಯು ಅದಕ್ಕೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. 2023ರಲ್ಲಿ ಆ ಕಾರ್ಖಾನೆಯನ್ನು ಕೊಳ್ಳಲು ಟಾಟಾ ಸಮೂಹ ಒಪ್ಪಂದ ಮಾಡಿಕೊಂಡಿತು.

ಇಷ್ಟು ವರ್ಷಗಳ ನಂತರವೂ 437 ಕೋಟಿ ಎಂಬ ಅಂಕಿಯನ್ನು ಬಾಯಿಪಾಠವಾಗಿ ಹೇಳುವವರನ್ನು ನಾವು ಕಂಡಿದ್ದೇವೆ. ಇಳಿದ ಅಂಕಿಯನ್ನೂ ಕ್ಷಮಾಪಣೆಯನ್ನೂ ಬಲ್ಲವರು ವಿರಳ. ಮೊದಲ ಅಂಕಿಯನ್ನು ಪತ್ರಿಕೆಗಳೂ ವಾಹಿನಿಗಳೂ ದಪ್ಪಕ್ಷರದಲ್ಲಿ ಹಾಕಿದ್ದವೆಂಬುದನ್ನು ಮರೆಮಾಚಬಾರದು. ಆದರೆ ಪತ್ರಿಕೆಯಲ್ಲಿ ಓದಿದವನಿಗೆ ನಂತರದ ಸುದ್ದಿಯೂ ಅದೇ ಪತ್ರಿಕೆಯಲ್ಲಿ, ಸಣ್ಣಕ್ಷರದಲ್ಲಾದರೂ, ಬಂದು ಮುಟ್ಟಿತು. ವಿಡಿಯೋಗೆ ಅಂಥ ಮರುದಿನವಿಲ್ಲ. ಬೆಂಕಿಯ ಚಿತ್ರವನ್ನು ಕಳುಹಿಸಿದ ಸಾವಿರ ಕೈಗಳಲ್ಲಿ ವೇತನದ ಸುದ್ದಿಯನ್ನೂ ಕಳುಹಿಸಿದ ಕೈಗಳೆಷ್ಟಿದ್ದಾವು? ಅಂದು ನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು. ಕಾರ್ಖಾನೆಯ ಹುಡುಗರಿಗೆ ಬಾಡಿಗೆಗೆ ಕೋಣೆ ಕೊಡಲು ಹಿಂಜರಿದ ಮನೆಯೊಡೆಯರೊಬ್ಬರು ನಮಗೆ ಕಾರಣವಾಗಿ ತೋರಿಸಿದ್ದು ಅದೇ ತುಣುಕನ್ನು.

ಇನ್ನೂ ದಾರುಣವಾದದ್ದು 2018ರಲ್ಲಿ ನಡೆಯಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಆಂಧ್ರ, ತಮಿಳುನಾಡು, ಕರ್ನಾಟಕಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಬ್ಬಿತು. ಹಾಗೆ ಹರಿದಾಡಿದ ಒಂದು ವಿಡಿಯೋ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ತಯಾರಿಸಿದ್ದು. ಮಗುವನ್ನು ಮರಳಿ ತಂದು ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಯುವಕನೊಬ್ಬನು ಹಾಗೆಯೇ ಸತ್ತನು. ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅವನ ಗುಂಪಿನ ಅಪರಾಧವಾಗಿತ್ತು. ಒಂದೇ ವಾರದೊಳಗೆ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳುಹಿಸಬಹುದೆಂಬ ಮಿತಿಯನ್ನು ಪ್ರಕಟಿಸಿತು. ಸಂದೇಶದ ಮೂಲ ಕರ್ತೃವನ್ನು ಪತ್ತೆ ಮಾಡಿಕೊಡಬೇಕೆಂದು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಮಾಡಿದಾಗ ಅದೇ ಸಂಸ್ಥೆ ದೆಹಲಿ ಉಚ್ಚ ನ್ಯಾಯಾಲಯದ ಮೊರೆಹೋಯಿತು. ಎಲ್ಲರ ಖಾಸಗಿ ಮಾತುಗಳ ಮುದ್ರೆ ಒಡೆಯದೆ ಒಬ್ಬನ ಸುಳ್ಳನ್ನು ಹಿಡಿಯಲಾಗದೆಂಬುದು ಅದರ ವಾದ. ಪಾಪನಿವೇದನೆಯ ಗುಟ್ಟನ್ನು ಕಾಯುವ ನಮಗೆ ಆ ವಾದ ಹಗುರವಾಗಿ ತೋರುವುದಿಲ್ಲ. ಆದ್ದರಿಂದಲೇ ಕಾನೂನಿನ ಮೇಲೆ ಎಲ್ಲವನ್ನೂ ಹೇರುವುದರಲ್ಲಿ ನಮಗೆ ನಂಬಿಕೆಯಿಲ್ಲ. ಜಗದ್ಗುರು ಫ್ರಾನ್ಸಿಸರು ಅದೇ 2018ರ ಜನವರಿಯಲ್ಲಿ ಸುಳ್ಳು ಸುದ್ದಿಯನ್ನು ಕುರಿತ ತಮ್ಮ ಸಂದೇಶದಲ್ಲಿ ಏದೆನ್ ತೋಟದ ಸರ್ಪವನ್ನು ನೆನಪಿಸಿದ್ದರು. ಅದು ಹೇಳಿದ್ದರಲ್ಲಿ ನಿಜದ ಅಂಶವೂ ಸ್ವಲ್ಪ ಬೆರೆತಿತ್ತು. ಕೊನೆ ಕತ್ತರಿಸಿದ ಆ ವಿಡಿಯೋದಲ್ಲಿಯೂ ಚಿತ್ರ ನಿಜವಾದದ್ದೇ.

ಇಷ್ಟೆಲ್ಲ ಬರೆಯುತ್ತಿರುವ ನಾವು ಈ ವಿಷಯದಲ್ಲಿ ನಿರ್ದೋಷಿಗಳೇನಲ್ಲ. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ, ನಮಗೆ ಪಾಠ ಹೇಳಿದ್ದ ವಯೋವೃದ್ಧ ಗುರುಗಳೊಬ್ಬರು ದೈವಾಧೀನರಾದರೆಂಬ ಸಂದೇಶ ಬಂದಿತು. ಭಾವಚಿತ್ರವಿತ್ತು, ಹೂಮಾಲೆಯಿತ್ತು, ಜನನ ಮತ್ತು ದೀಕ್ಷೆಯ ವರ್ಷಗಳಿದ್ದವು. ಕಣ್ಣೀರಿನೊಡನೆಯೇ ಅದನ್ನು ಮೂರು ಗುಂಪುಗಳಿಗೆ ಕಳುಹಿಸಿದೆವು. ಗುರುಗಳು ಆಗ ಆಸ್ಪತ್ರೆಯಲ್ಲಿ ಗಂಜಿ ಕುಡಿಯುತ್ತಿದ್ದರು. ದೂರದ ಊರಿನಲ್ಲಿದ್ದ ಅವರ ತಂಗಿಗೆ ಸುದ್ದಿ ಮುಟ್ಟಿದ್ದು ನಾವು ಕಳುಹಿಸಿದ ಪ್ರತಿಯಿಂದ. ಸ್ವಾಮಿಗಳೇ ಕಳುಹಿಸಿದ್ದಾರೆಂದ ಮೇಲೆ ಅವರು ಬೇರಾರನ್ನೂ ವಿಚಾರಿಸಲಿಲ್ಲ. ರಾತ್ರಿಯ ಬಸ್ಸಿನಲ್ಲಿ ಅಳುತ್ತ ಬಂದ ಆ ಮುದುಕಿಯನ್ನು ಮುಂಜಾನೆ ಎದುರುಗೊಂಡವರು ನಾವೇ. ಆಗ ಏನು ಹೇಳಿದೆವೋ ಈಗ ನೆನಪಿಲ್ಲ. ಗುರುಗಳು ಮಾತ್ರ ಸಂದೇಶವನ್ನು ತರಿಸಿಕೊಂಡು ಓದಿ, ದೀಕ್ಷೆಯ ವರ್ಷ ತಪ್ಪಾಗಿದೆಯೆಂದರು.

ಈ ಅಂಕಣವನ್ನೂ ಈಗ ಹಲವರು ಪತ್ರಿಕೆಯಲ್ಲಿ ಓದುವುದಿಲ್ಲ. ಯಾರೋ ಚಿತ್ರ ತೆಗೆದು ಗುಂಪಿಗೆ ಹಾಕುತ್ತಾರೆ, ಅಲ್ಲಿ ಓದುತ್ತಾರೆ. ಓದುವವರಿದ್ದಾರೆಂಬುದೇ ಸಂತೋಷ. ಆದರೆ ಆ ಚಿತ್ರದಲ್ಲಿ ಪುಟದ ಮೇಲಂಚು ಕತ್ತರಿಸಿಹೋಗಿ ಪತ್ರಿಕೆಯ ಹೆಸರೂ ದಿನಾಂಕವೂ ಕಾಣುವುದಿಲ್ಲ. ಕಳೆದ ವರ್ಷದ ಲೇಖನವನ್ನು ಈ ವಾರದ್ದೆಂದು ತಿಳಿದು ನಮ್ಮೊಡನೆ ಜಗಳಕ್ಕೆ ಬಂದವರೂ ಇದ್ದಾರೆ. ಚಿತ್ರ ತೆಗೆಯುವವರು ದಯವಿಟ್ಟು ಆ ಅಂಚನ್ನೂ ಸೇರಿಸಿಕೊಳ್ಳಬೇಕು.

ಆಸ್ಪತ್ರೆಯ ಆ ಪ್ರಸಂಗದ ಬಳಿಕ ನಮ್ಮ ಧರ್ಮಕೇಂದ್ರದ ವಾಟ್ಸಾಪ್ ಗುಂಪಿನಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ. ಸಾವು, ಅಪಘಾತ, ಗಲಭೆಗಳ ಸುದ್ದಿ ಹಾಕುವವರು ಅದನ್ನು ಕಂಡವರು ಅಥವಾ ದೂರವಾಣಿಯಲ್ಲಿ ವಿಚಾರಿಸಿದವರು ಯಾರೆಂಬ ಹೆಸರನ್ನು ಕೆಳಗೆ ಬರೆಯಬೇಕು. ಗುರುಗಳಿಗೂ ಇದರಿಂದ ವಿನಾಯಿತಿಯಿಲ್ಲ. ಆರಂಭದಲ್ಲಿ ಕೆಲವರು ಮುನಿಸಿಕೊಂಡರು, ಇಬ್ಬರು ಗುಂಪನ್ನೇ ಬಿಟ್ಟರು. ಈಗ ಅಂಥ ಸುದ್ದಿಗಳು ಸಾಕಷ್ಟು ಇಳಿದಿವೆ. ಬೆಳಗಿನ ಶುಭಾಶಯದ ಹೂವಿನ ಚಿತ್ರಗಳು ಮಾತ್ರ ಒಂದೂ ಕಡಿಮೆಯಾಗಿಲ್ಲ.