ಕಡಲಡಿಯ ಕೊಳವೆ, ಮನೆಯೊಳಗಿನ ಒಲೆ

ಅನ್ನ ಬೇಯಬೇಕಾದರೆ ಅಕ್ಕಿ, ನೀರು, ಬೆಂಕಿ ಈ ಮೂರೂ ಬೇಕು. ಅಕ್ಕಿ ಯಾವ ಊರಿನ ಗದ್ದೆಯದೆಂದು ಗೃಹಿಣಿಯರು ವಿಚಾರಿಸಿ ಕೊಳ್ಳುತ್ತಾರೆ. ನೀರು ಕಾವೇರಿಯದೋ ಕೊಳವೆಬಾವಿಯದೋ ಎಂಬುದು ಬೆಂಗಳೂರಿನಲ್ಲಿ ಮಕ್ಕಳಿಗೂ ಗೊತ್ತು. ಆದರೆ ಒಲೆಯಲ್ಲಿ ಉರಿಯುವ ನೀಲಿ ಜ್ವಾಲೆ ಎಲ್ಲಿಂದ ಬಂದಿತೆಂದು ಕೇಳುವವರು ವಿರಳ. ಗುಂಡಿ ತಿರುಗಿಸಿದೊಡನೆ ಹೊತ್ತಿಕೊಳ್ಳುವುದರಿಂದ ಅದು ಎಂದಿಗೂ ಇರುವ ವಸ್ತುವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಓದುಗ ಬಂಧುಗಳೇ, ಈ ತಿಂಗಳು ಆ ಜ್ವಾಲೆಯ ಮೂಲವನ್ನು ಹುಡುಕಿಕೊಂಡು ಸ್ವಲ್ಪ ದೂರ ಹೋಗಿ ಬರೋಣ.

2022ರ ಸೆಪ್ಟೆಂಬರ್ 26ರಂದು ಯುರೋಪಿನ ಬಾಲ್ಟಿಕ್ ಸಮುದ್ರದಲ್ಲಿ, ಡೆನ್ಮಾರ್ಕಿಗೆ ಸೇರಿದ ಬೋರ್ನ್‌ಹಾಲ್ಮ್ ದ್ವೀಪದ ಬಳಿ, ಕಡಲಿನಡಿಯಲ್ಲಿ ಸ್ಫೋಟಗಳು ಸಂಭವಿಸಿದವು. ರಷ್ಯಾದಿಂದ ಜರ್ಮನಿಗೆ ನೈಸರ್ಗಿಕ ಅನಿಲವನ್ನು ಒಯ್ಯಲು ಹಾಕಿದ್ದ ನಾರ್ಡ್ ಸ್ಟ್ರೀಮ್ ಎಂಬ ಮಾರ್ಗದ ನಾಲ್ಕು ಕೊಳವೆಗಳಲ್ಲಿ ಮೂರು ಒಡೆದುಹೋದವು. ಸಮುದ್ರದ ಮೇಲ್ಮೈಯಲ್ಲಿ ಅನಿಲವು ಕುದಿಯುವ ನೀರಿನಂತೆ ಉಕ್ಕುತ್ತಿದ್ದ ಚಿತ್ರಗಳನ್ನು ಲೋಕವೆಲ್ಲ ಕಂಡಿತು. 1,200 ಕಿಲೋಮೀಟರಿಗೂ ಮಿಕ್ಕ ಉದ್ದದ ಈ ಮಾರ್ಗದ ಮೊದಲ ಭಾಗ 2011ರಲ್ಲಿ ಕಾರ್ಯಾರಂಭ ಮಾಡಿತ್ತು. ಎರಡನೆಯ ಭಾಗ ಸಿದ್ಧವಾಗಿದ್ದರೂ ಅನಿಲ ಸಾಗಿಸುವ ಯೋಗವನ್ನೇ ಕಾಣಲಿಲ್ಲ. ಉಕ್ರೇನಿನ ಯುದ್ಧದ ಕಾರಣ ರಷ್ಯಾ ಆ ಆಗಸ್ಟ್ ಕೊನೆಯ ವೇಳೆಗೇ ಸರಬರಾಜನ್ನು ನಿಲ್ಲಿಸಿತ್ತು. ಸ್ಫೋಟವು ಮರಳಿ ತೆರೆಯಬಹುದಾಗಿದ್ದ ಬಾಗಿಲನ್ನೇ ಕಿತ್ತುಹಾಕಿದಂತಾಯಿತು. ಈ ಕೃತ್ಯದ ಬಗೆಗೆ ಸ್ವೀಡನ್ ಮತ್ತು ಡೆನ್ಮಾರ್ಕ್ ದೇಶಗಳು ನಡೆಸಿದ ತನಿಖೆಗಳು 2024ರ ಫೆಬ್ರವರಿಯಲ್ಲಿ ಮುಕ್ತಾಯಗೊಂಡವು. ಜರ್ಮನಿ ತನ್ನ ತನಿಖೆಯನ್ನು ಮುಂದುವರಿಸಿತು.

ಜರ್ಮನಿ ನಮ್ಮ ಪೂರ್ವ ಬೆಂಗಳೂರಿನವರಿಗೆ ಅಪರಿಚಿತ ದೇಶವಲ್ಲ. ಬೈಯಪ್ಪನಹಳ್ಳಿಯಲ್ಲಿ ಆ ದೇಶದ ಎ.ಇ.ಜಿ. ಸಂಸ್ಥೆಯ ಸಹಯೋಗದಿಂದ ಬೆಳೆದು, 2002ರಲ್ಲಿ ಮುಚ್ಚಿಹೋದ ಎನ್.ಜಿ.ಇ.ಎಫ್. ಕಾರ್ಖಾನೆಯ ಅನ್ನ ಉಂಡ ಕುಟುಂಬಗಳು ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳಲ್ಲಿ ಇಂದಿಗೂ ಇವೆ. ಯಂತ್ರವಿದ್ಯೆಯಲ್ಲಿ ಅಷ್ಟು ಮುಂದುವರಿದ ದೇಶವು 2021ರಲ್ಲಿ ತಾನು ಆಮದು ಮಾಡಿಕೊಳ್ಳುತ್ತಿದ್ದ ಅನಿಲದ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಒಂದೇ ನೆರೆಯವರನ್ನು ನಂಬಿತ್ತು. ಅಗ್ಗವಾಗಿ ದೊರೆಯುತ್ತಿದ್ದ ಕಾಲದಲ್ಲಿ ಅದು ಜಾಣತನವಾಗಿಯೇ ಕಂಡಿತ್ತು. ಯುದ್ಧ ಬಂದಾಗ ಅದೇ ಸಂಕೋಲೆಯಾಯಿತು.

ಇದಕ್ಕೆ ಪ್ರತಿಯಾದ ಇನ್ನೊಂದು ಪ್ರಸಂಗವೂ ಅದೇ ಸಮುದ್ರದಲ್ಲಿ ನಡೆಯಿತು. 2023ರ ಅಕ್ಟೋಬರ್ 8ರಂದು ಫಿನ್ಲೆಂಡ್ ಮತ್ತು ಎಸ್ಟೋನಿಯಾಗಳ ನಡುವಿನ ಬಾಲ್ಟಿಕ್ ಕನೆಕ್ಟರ್ ಎಂಬ ಕೊಳವೆಯು ಹಡಗೊಂದು ಎಳೆದುಕೊಂಡು ಹೋದ ಲಂಗರಿಗೆ ಸಿಕ್ಕಿ ಹರಿಯಿತು. ಸಮುದ್ರದಡಿಯಲ್ಲಿ ಅದರ ಉದ್ದ ಕೇವಲ 77 ಕಿಲೋಮೀಟರು. ದುರಸ್ತಿಯಾಗಿ ಅನಿಲ ಮರಳಿ ಹರಿಯಲು 2024ರ ಏಪ್ರಿಲ್ ಬಂದಿತು. ಹೀಗೆ ಹಿಮ ಸುರಿಯುವ ಇಡೀ ಚಳಿಗಾಲ ಕೊಳವೆ ಬರಿದಾಗಿದ್ದರೂ ಫಿನ್ಲೆಂಡಿನ ಜನ ಚಳಿಯಿಂದ ನರಳಲಿಲ್ಲ. ಹಡಗುಗಳಲ್ಲಿ ಬರುವ ದ್ರವರೂಪದ ಅನಿಲವನ್ನು ಇಳಿಸಿಕೊಳ್ಳಲು ಇಂಕೋ ಎಂಬ ಬಂದರಿನಲ್ಲಿ ತೇಲುವ ನಿಲ್ದಾಣವನ್ನು ಅವರು ಹಿಂದಿನ ವರ್ಷವೇ ಸಿದ್ಧಪಡಿಸಿಕೊಂಡಿದ್ದರು. ಮೇಲಾಗಿ ಆ ದೇಶದ ಒಟ್ಟು ಇಂಧನದಲ್ಲಿ ಅನಿಲದ ಪಾಲೂ ಚಿಕ್ಕದು. ಪೆಟ್ಟು ಬಿದ್ದರೂ ಮನೆ ಬೀಳದ ಹಾಗೆ ಅವರು ಮೊದಲೇ ಆಸರೆ ಕೊಟ್ಟುಕೊಂಡಿದ್ದರು.

ಬಾಲ್ಟಿಕ್ ಸಮುದ್ರದ ಈ ಗದ್ದಲ ನಮಗೇಕೆ ಎಂದು ಕೇಳಬಹುದು. ಕೊಳವೆಯ ಅನಿಲ ತಪ್ಪಿದಾಗ ಯುರೋಪಿನ ಸಿರಿವಂತ ದೇಶಗಳು ಲೋಕದ ಪೇಟೆಗೆ ಬಂದು ಹಡಗಿನ ಅನಿಲವನ್ನು ಹೆಚ್ಚಿನ ಬೆಲೆ ಕೊಟ್ಟು ಕೊಂಡವು. 2022ರಲ್ಲಿ ಪಾಕಿಸ್ತಾನ, ಬಾಂಗ್ಲಾದೇಶಗಳು ಆ ಬೆಲೆ ತೆರಲಾರದೆ ಗಂಟೆಗಟ್ಟಲೆ ವಿದ್ಯುತ್ ಕಡಿತ ಅನುಭವಿಸಿದವು. ನಮ್ಮ ಸರ್ಕಾರಿ ವಲಯದ ಗೇಲ್ ಸಂಸ್ಥೆಯು ರಷ್ಯಾದ ಗ್ಯಾಜ್‌ಪ್ರೋಮ್ ಬಳಗದ ಒಂದು ಸಂಸ್ಥೆಯೊಂದಿಗೆ ದೀರ್ಘಾವಧಿಯ ಒಪ್ಪಂದ ಮಾಡಿಕೊಂಡಿತ್ತು. ಆ ಸಂಸ್ಥೆಯ ಜರ್ಮನಿಯ ಮಾತೃಸಂಸ್ಥೆಯನ್ನು ಜರ್ಮನ್ ಸರ್ಕಾರ 2022ರ ಏಪ್ರಿಲಿನಲ್ಲಿ ತನ್ನ ಹತೋಟಿಗೆ ತೆಗೆದುಕೊಂಡಿತು. ಬಳಿಕ ನಮಗೆ ಬರಬೇಕಾಗಿದ್ದ ಹಡಗುಗಳು ತಪ್ಪಿದವು. ಗೇಲ್ ಸಂಸ್ಥೆ ಗೊಬ್ಬರದ ಕಾರ್ಖಾನೆಗಳಿಗೂ ಉದ್ಯಮಗಳಿಗೂ ಕೊಡುವ ಅನಿಲವನ್ನು ಕಡಿತಗೊಳಿಸಬೇಕಾಯಿತು. ಗೊಬ್ಬರಕ್ಕೆ ಕೊರತೆಯೆಂದರೆ ರೈತನಿಗೆ ಕೊರತೆ. ಇಬ್ಬರು ದೂರದವರ ಜಗಳದ ಬಿಸಿ ಹೀಗೆ ಮೂರನೆಯವನ ಹೊಲಕ್ಕೆ ತಗಲುತ್ತದೆ.

ಈಗ ನಮ್ಮ ನಗರಕ್ಕೆ ಬರೋಣ. ಬೆಂಗಳೂರಿಗೆ ನೈಸರ್ಗಿಕ ಅನಿಲ ತರುವ ಹೆದ್ದಾರಿಯೆಂದರೆ ಮಹಾರಾಷ್ಟ್ರದ ಕರಾವಳಿಯ ದಾಭೋಲ್‌ನಿಂದ ಬಿಡದಿಯವರೆಗಿನ ಕೊಳವೆ ಮಾರ್ಗ. ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಜಿಲ್ಲೆಗಳನ್ನು ಹಾಯ್ದು ಬರುವ, ಸುಮಾರು 1,000 ಕಿಲೋಮೀಟರ್ ಉದ್ದದ ಇದನ್ನು ಗೇಲ್ ಸಂಸ್ಥೆ ನಿರ್ಮಿಸಿ, 2013ರ ಫೆಬ್ರವರಿಯಲ್ಲಿ ರಾಷ್ಟ್ರಕ್ಕೆ ಸಮರ್ಪಿಸಲಾಯಿತು. 2015ರ ನಂತರ ನಗರದೊಳಗೆ ಮನೆಮನೆಗೆ ಕೊಳವೆ ಹಾಕುವ ಕೆಲಸ ಆರಂಭವಾಗಿ, ಪೂರ್ವಭಾಗದ ಹಲವು ಬಡಾವಣೆಗಳಿಗೂ ಹಬ್ಬಿತು. ಸಿಲಿಂಡರು ಮುಗಿಯಿತೆಂದು ದೂರವಾಣಿ ಮಾಡುವ, ಮಹಡಿಗೆ ಹೊತ್ತು ತರುವ ತೊಂದರೆ ಆ ಮನೆಗಳಿಗೆ ತಪ್ಪಿತು.

ಕೊಳವೆಯೇನೋ ನಮ್ಮದು. ಅದರೊಳಗಿನ ಅನಿಲದಲ್ಲಿ ಪರದೇಶದ ಪಾಲು ದೊಡ್ಡದು. ದೇಶ ಬಳಸುವ ನೈಸರ್ಗಿಕ ಅನಿಲದಲ್ಲಿ ಸರಿಸುಮಾರು ಅರ್ಧದಷ್ಟು ಇತ್ತೀಚಿನ ವರ್ಷಗಳಲ್ಲಿ ಹೊರಗಿನಿಂದಲೇ ಬಂದಿದೆ. ಅನಿಲವನ್ನು ಶೂನ್ಯಕ್ಕಿಂತ 162 ಡಿಗ್ರಿ ಕೆಳಗೆ ತಣಿಸಿದರೆ ದ್ರವವಾಗಿ, ಆರುನೂರರಲ್ಲಿ ಒಂದು ಪಾಲಿನಷ್ಟು ಜಾಗದಲ್ಲಿ ಹಿಡಿಯುತ್ತದೆ. ಹಾಗೆ ಹಡಗಿಗೆ ತುಂಬಿ ತಂದು, ನಮ್ಮ ತೀರದಲ್ಲಿ ಮತ್ತೆ ಅನಿಲವಾಗಿಸಿ ಕೊಳವೆಗೆ ಬಿಡುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಇದರಲ್ಲಿ ಅತಿ ದೊಡ್ಡ ಪಾಲು ಕತಾರಿನಿಂದ ಬಂದಿದೆ. ಅಲ್ಲಿಂದ ವರ್ಷಕ್ಕೆ 75 ಲಕ್ಷ ಟನ್ ತರಿಸುವ ಒಪ್ಪಂದವನ್ನು ಪೆಟ್ರೋನೆಟ್ ಸಂಸ್ಥೆ 1999ರಲ್ಲಿ ಮಾಡಿಕೊಂಡಿತು; 2024ರ ಫೆಬ್ರವರಿಯಲ್ಲಿ ಅದನ್ನು 2048ರವರೆಗೆ ಮುಂದುವರಿಸಿತು. ಕತಾರಿನಿಂದ ಹೊರಟ ಹಡಗು ಹಾರ್ಮುಜ್ ಎಂಬ ಕಿರಿದಾದ ಜಲಸಂಧಿಯನ್ನು ಹಾದೇ ಬರಬೇಕು, ಬೇರೆ ಸಮುದ್ರಮಾರ್ಗವಿಲ್ಲ. ದಾಭೋಲ್ ನಿಲ್ದಾಣಕ್ಕೂ ಒಂದು ಕೊರತೆಯಿತ್ತು. ಅಲೆತಡೆಗೋಡೆ ಪೂರ್ಣವಾಗಿರದ ಕಾರಣ ಎಷ್ಟೋ ವರ್ಷ ಮಳೆಗಾಲದಲ್ಲಿ ಅಲ್ಲಿಗೆ ಹಡಗು ಬರುವಂತಿರಲಿಲ್ಲ. ಗುಜರಾತಿನ ದಹೇಜ್‌ನಿಂದ ದಾಭೋಲ್‌ಗೆ ಕೊಳವೆಯ ಸಂಪರ್ಕವಿದ್ದುದರಿಂದ ಆ ತಿಂಗಳುಗಳಲ್ಲೂ ಕೆಲಸ ನಡೆಯಿತು. ಒಂದು ಬಾಗಿಲು ಮುಚ್ಚಿದಾಗ ತೆರೆಯಲು ಇನ್ನೊಂದಿರಬೇಕೆಂಬುದಕ್ಕೆ ಇದು ನಮ್ಮ ಮನೆಯದೇ ನಿದರ್ಶನ.

ನಮ್ಮ ಹಿರಿಯರಿಗೆ ಈ ವಿವೇಕ ಹೊಸದಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರು ಯೋಜಿಸಿದ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ಯಂತ್ರಗಳಿಗೆ ಸಾಲುವಷ್ಟು ನೀರಿರುತ್ತಿರಲಿಲ್ಲ. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾದುದಕ್ಕೆ ಮಂಡ್ಯದ ನೀರಾವರಿಯಷ್ಟೇ ಈ ವಿದ್ಯುತ್ತಿನ ಭದ್ರತೆಯೂ ಕಾರಣವಾಗಿತ್ತು. ವಿಶ್ವೇಶ್ವರಯ್ಯನವರು ಮಳೆಗಾಲದ ನೀರನ್ನು ಬೇಸಿಗೆಗೆ ಕೂಡಿಡುವ ದಾರಿ ತೋರಿದರು.

ಎಪ್ಪತ್ತರ ದಶಕದಲ್ಲಿ ನಾವು ಮಠದಲ್ಲಿ ವಿದ್ಯಾರ್ಥಿಗಳಾಗಿದ್ದಾಗ ದಾಸೋಹದ ಅಡುಗೆಯೆಲ್ಲ ಸೌದೆಯ ಒಲೆಯಲ್ಲೇ. ಯುಗಾದಿ ಕಳೆಯಿತೆಂದರೆ ಸೌದೆ ಒಡೆದು ಒಣಗಿಸಿ ಕೊಟ್ಟಿಗೆಯಲ್ಲಿ ಸೂರು ಮುಟ್ಟುವಂತೆ ಒಟ್ಟುವ ಸೇವೆ ನಮ್ಮದು. ಆಷಾಢ, ಶ್ರಾವಣಗಳಲ್ಲಿ ಜಡಿಮಳೆ ಹಿಡಿದು ಕುಳಿತರೂ ಪಂಕ್ತಿಗೆ ಬಂದವರು ಉಣ್ಣದೆ ಹೋಗುವಂತಿರಲಿಲ್ಲ. ಇಂಧನ ಭದ್ರತೆಯೆಂಬ ಮಾತು ಆಗ ನಮಗೆ ಗೊತ್ತಿರಲಿಲ್ಲ. ಅದರ ಕೆಲಸವನ್ನು ಬೆನ್ನಮೇಲೆ ಹೊತ್ತಿದ್ದೆವು.

ರಾಷ್ಟ್ರವೂ ಅದನ್ನೇ ಮಾಡುತ್ತಿದೆ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲವನ್ನು ಹಿಡಿಯುವ ಗುಹೆಗಳನ್ನು ನೆಲದಡಿಯ ಬಂಡೆಯಲ್ಲಿ ಕೊರೆಯಲಾಗಿದೆ. ಆಂಧ್ರದ ವಿಶಾಖಪಟ್ಟಣದ್ದೂ ಸೇರಿ ಒಟ್ಟು 53.3 ಲಕ್ಷ ಟನ್. ಮಂಗಳೂರಿನ ಕಡಲಿನಲ್ಲಿ ಕರೆಯಿಂದ ಬಹುದೂರ ನಿಲ್ಲುವ ಭಾರಿ ಹಡಗುಗಳಿಂದ ತೈಲವು ಸಮುದ್ರತಳದ ಕೊಳವೆಯ ಮೂಲಕವೇ ದಡಕ್ಕೆ ಬರುತ್ತದೆ. ಬಾಲ್ಟಿಕ್ ಸಮುದ್ರದ ಲಂಗರಿನ ಕಥೆ ನಮ್ಮ ಕರಾವಳಿಗೂ ಎಚ್ಚರಿಕೆಯೆಂಬುದು ಇದರಿಂದ ತಿಳಿಯುತ್ತದೆ. 2025ರಲ್ಲಿ ಅಡುಗೆ ಅನಿಲಕ್ಕೂ 80,000 ಟನ್ನಿನ ಭೂಗತ ಭಂಡಾರವೊಂದು ಮಂಗಳೂರಿನಲ್ಲಿ ಸಿದ್ಧವಾಯಿತು.

ಮಂಗಳೂರಿನಲ್ಲಿ ಶುದ್ಧಿಯಾದ ಪೆಟ್ರೋಲ್, ಡೀಸೆಲ್‌ಗಳು ಹಾಸನದ ಮಾರ್ಗವಾಗಿ 362 ಕಿಲೋಮೀಟರ್ ಕೊಳವೆಯಲ್ಲಿ ಸಾಗಿ, ಕೃಷ್ಣರಾಜಪುರದಿಂದ ಆಚೆ ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯನ್ನು ಸೇರುತ್ತವೆ. ನಗರದ ರಸ್ತೆಗಳಲ್ಲಿ ಕಾಣುವ ಎಷ್ಟೋ ಟ್ಯಾಂಕರುಗಳು ಅಲ್ಲಿಯೇ ತುಂಬಿಕೊಂಡು ಹೊರಟವು. 2021ರಲ್ಲಿ ಬಂಟ್ವಾಳ ತಾಲ್ಲೂಕಿನಲ್ಲಿ ಈ ಕೊಳವೆಗೇ ತೂತು ಕೊರೆದು ಇಂಧನ ಕದಿಯುತ್ತಿದ್ದುದು ಬೆಳಕಿಗೆ ಬಂದಿತು. ಒಂದು ಕಿಡಿ ಬಿದ್ದಿದ್ದರೆ ಕಳ್ಳನ ಜೊತೆಗೆ ಊರೂ ಉರಿಯುತ್ತಿತ್ತು. ಕೊಳವೆಗೆ ಶತ್ರು ಪರದೇಶದವನೇ ಆಗಬೇಕೆಂದಿಲ್ಲ.

ಭದ್ರತೆಯ ಮಾತಿನಲ್ಲಿ ನ್ಯಾಯದ ಮಾತನ್ನು ಮರೆಯಬಾರದು. ಕೊಚ್ಚಿಯಿಂದ ಹೊರಡುವ ಅನಿಲ ಮಾರ್ಗದ ಒಂದು ಶಾಖೆ ಕಾಸರಗೋಡನ್ನು ಹಾಯ್ದು ಮಂಗಳೂರನ್ನು ಮುಟ್ಟಿ 2021ರ ಜನವರಿ 5ರಂದು ಉದ್ಘಾಟನೆಗೊಂಡಿತು. ಅದರ ಉದ್ದ 450 ಕಿಲೋಮೀಟರು. ತಮಿಳುನಾಡಿನ ಪಶ್ಚಿಮ ಜಿಲ್ಲೆಗಳ ಮೂಲಕ ಬೆಂಗಳೂರಿಗೆ ಬರಬೇಕಾಗಿದ್ದ ಮತ್ತೊಂದು ಶಾಖೆ ಆಗ ಇನ್ನೂ ಪೂರ್ಣವಾಗಿರಲಿಲ್ಲ. ಹೊಲಗಳ ನಡುವೆ ಕೊಳವೆ ಬೇಡ, ಹೆದ್ದಾರಿಯ ಬದಿಯಲ್ಲಿ ಒಯ್ಯಿರಿ ಎಂದು ಅಲ್ಲಿನ ರೈತರು ಪಟ್ಟುಹಿಡಿದರು. 2013ರಲ್ಲಿ ಅವರ ಸರ್ಕಾರವೂ ಅದನ್ನೇ ಹೇಳಿತು. 2016ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಗೇಲ್ ಸಂಸ್ಥೆಯ ಪರವಾಗಿ ತೀರ್ಪಿತ್ತಿತು. 1962ರ ಕಾಯಿದೆಯಂತೆ ಭೂಮಿ ರೈತನದಾಗಿಯೇ ಉಳಿಯುತ್ತದೆ. ಆದರೆ ಕೊಳವೆ ಹೋದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಮರ ಬೆಳೆಸುವಂತಿಲ್ಲ. ಆ ಹಕ್ಕಿಗೆ ಕಾಯಿದೆ ನಿಗದಿ ಮಾಡಿದ ಪರಿಹಾರ ಭೂಮಿಯ ಬೆಲೆಯ ನೂರಕ್ಕೆ ಹತ್ತು ಭಾಗ, ಬೆಳೆನಷ್ಟ ಬೇರೆ. ತೆಂಗಿನ ತೋಟವನ್ನೇ ನಂಬಿದವನಿಗೆ ಇದು ಸಮಾಧಾನ ತರುವ ಲೆಕ್ಕವೇ? ನಗರದ ಒಲೆಗೆ ಎರಡನೆಯ ದಾರಿ ಬೇಕು, ನಿಜ. ಆ ದಾರಿಗೆ ತನ್ನ ನೆಲ ಬಿಟ್ಟವನಿಗೆ ಸಲ್ಲಬೇಕಾದುದು ಸಲ್ಲಲಿ ಎಂದು ಕೇಳುವ ಹೊಣೆ ಆ ಒಲೆಯಲ್ಲಿ ಉಣ್ಣುವವರ ಮೇಲೂ ಇದೆ. ಕಾಯಕದ ಗೌರವ ಬಲ್ಲ ಮನೆತನಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ನಮ್ಮ ಬೀದಿಯ ಮಾತು. 2014ರ ಜೂನ್ 27ರಂದು ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಗ್ರಾಮದಲ್ಲಿ ಅನಿಲದ ಕೊಳವೆ ಸೋರಿ ಬೆಂಕಿ ಹತ್ತಿತು. ನಸುಕಿನಲ್ಲಿ ಮನೆಗಳಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ತುಕ್ಕು ಮತ್ತು ಉದಾಸೀನಗಳು ಬಾಂಬಿನಷ್ಟೇ ಕೆಲಸ ಮಾಡಬಲ್ಲವು. ನಮ್ಮ ನಗರದಲ್ಲಿ ನೀರಿನವರು, ವಿದ್ಯುತ್ತಿನವರು, ದೂರವಾಣಿಯ ತಂತಿಯವರು ಒಬ್ಬರ ಹಿಂದೆ ಒಬ್ಬರು ರಸ್ತೆ ಅಗೆಯುತ್ತಾರೆ. ಶಿವಾಜಿನಗರದ ಮಾರುಕಟ್ಟೆಯ ಸುತ್ತಲಿನ ಗಲ್ಲಿಗಳಲ್ಲಿ, ಹಲಸೂರಿನ ಹಳೆಯ ಬೀದಿಗಳಲ್ಲಿ ನೆಲದಡಿ ಇರುವ ಜಾಗವೇ ಕಡಿಮೆ. ಒಬ್ಬರು ಹಾಕಿದ ಕೊಳವೆಯನ್ನು ಮತ್ತೊಬ್ಬರ ಯಂತ್ರ ಕೀಳುವುದು ಇಂಥಲ್ಲಿಯೇ. ಮನೆಯ ಮುಂದೆ ಅಗೆಯುವವರು ಬಂದರೆ, ಅನಿಲದ ಸಂಸ್ಥೆಗೆ ತಿಳಿಸಿದ್ದೀರಾ ಎಂದು ಸೌಜನ್ಯದಿಂದಲೇ ಕೇಳಿರಿ. ಕೊಳವೆಯ ಗುರುತಿನ ಕಲ್ಲನ್ನು ಯಾರೂ ಕೀಳದಂತೆ ನೋಡಿರಿ.

ಮನೆಯೊಳಗೂ ಕೆಲವು ಎಚ್ಚರಗಳುಂಟು. ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದೇ ದುರ್ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಆ ವಾಸನೆ ಬಂದೊಡನೆ ಒಲೆಯ ಹಾಗೂ ಕೊಳವೆಯ ಕೀಲಿಗಳನ್ನು ಮುಚ್ಚಿ ಕಿಟಕಿ ಬಾಗಿಲು ತೆರೆಯಬೇಕು. ವಿದ್ಯುತ್ ಗುಂಡಿಯನ್ನು ಹಾಕಲೂಬಾರದು, ಆರಿಸಲೂಬಾರದು. ಮನೆಯಿಂದ ಹೊರಬಂದ ಮೇಲೆಯೇ ದೂರವಾಣಿ ಮಾಡಬೇಕು: ಸಿಲಿಂಡರಿನ ಅನಿಲಕ್ಕೆ 1906, ಕೊಳವೆಯ ಅನಿಲಕ್ಕೆ ಬಿಲ್ಲಿನ ಮೇಲಿರುವ ತುರ್ತು ಸಂಖ್ಯೆ. ಕೊಳವೆಯ ಅನಿಲ ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ಸಿಲಿಂಡರಿನದು ಭಾರ, ನೆಲದಲ್ಲಿ ಹರಡಿ ನಿಲ್ಲುತ್ತದೆ. ಆದುದರಿಂದ ಅಡುಗೆಮನೆಯ ಮೇಲಿನ ಗಾಳಿಕಿಂಡಿಯನ್ನೂ ಕೆಳಗಿನದನ್ನೂ ಮುಚ್ಚಬಾರದು.

ಒಂದೇ ಇಂಧನವನ್ನು ನಂಬಿ ಕೂಡುವುದೂ ಒಳ್ಳೆಯದಲ್ಲ. ಸ್ನಾನದ ನೀರಿಗೆ ಮಾಳಿಗೆಯ ಮೇಲಿನ ಸೌರಶಾಖ, ಬೇಳೆ ಬೇಯಲು ಒತ್ತಡದ ಪಾತ್ರೆ, ತುರ್ತಿಗೆ ಒಂದು ವಿದ್ಯುತ್ ಒಲೆ ಇದ್ದರೆ ದೂರದ ಕಡಲಿನಲ್ಲಿ ಏನೇ ನಡೆದರೂ ಮಕ್ಕಳ ಊಟ ತಪ್ಪದು. ಉರಿಯನ್ನು ಅಗತ್ಯಕ್ಕೆ ತಕ್ಕಷ್ಟೇ ಇಟ್ಟು ಉಳಿಸಿದ ಅನಿಲಕ್ಕೆ ಯಾವ ಜಲಸಂಧಿಯನ್ನೂ ದಾಟಬೇಕಾಗಿಲ್ಲ. ಈ ಸಂಜೆ ಮನೆಯವರೆಲ್ಲರೂ ಅಡುಗೆಮನೆಯಲ್ಲಿ ಸೇರಿ, ಅನಿಲದ ಮುಖ್ಯ ಕೀಲಿ ಎಲ್ಲಿದೆ, ಅದನ್ನು ಮುಚ್ಚುವುದು ಹೇಗೆ ಎಂಬುದನ್ನು ಮಕ್ಕಳಿಗೂ ವೃದ್ಧರಿಗೂ ತೋರಿಸಿಕೊಡಿರಿ. ಅದಕ್ಕೆ ಐದು ನಿಮಿಷ ಸಾಕು.