ಅಳುವ ಕೂಸಿಗೆ ಬಾಗಿಲು ತೋರಿಸುವ ಮುನ್ನ

ಬಲಿಪೂಜೆಯ ಸಮಯದಲ್ಲಿ ಮಕ್ಕಳ ಗಲಾಟೆ ಮಿತಿಮೀರಿದೆ, ಅಳುವ ಕೂಸುಗಳನ್ನು ತಾಯಂದಿರು ಕೂಡಲೇ ಹೊರಗೆ ಎತ್ತಿಕೊಂಡು ಹೋಗಬೇಕು ಎಂಬ ದೂರು ನಮ್ಮ ಧರ್ಮಕೇಂದ್ರಗಳ ಪಾಲನಾ ಸಮಿತಿಗಳಲ್ಲಿ ವರ್ಷಕ್ಕೊಮ್ಮೆಯಾದರೂ ಕೇಳಿಬರುತ್ತದೆ. ದೂರುವವರು ದುರುದ್ದೇಶದವರಲ್ಲ. ವಾರವಿಡೀ ದುಡಿದು, ಭಾನುವಾರ ಒಂದು ಗಂಟೆಯ ಕಾಲವಾದರೂ ನೆಮ್ಮದಿಯಿಂದ ಪ್ರಾರ್ಥಿಸೋಣವೆಂದು ಬಂದವರು. ದೇವಾಲಯದಲ್ಲಿ ಮೌನ ಬೇಕೆಂಬ ಅವರ ಬೇಡಿಕೆ ನ್ಯಾಯವಾದುದೇ. ಆದರೆ ಆ ಮೌನವನ್ನು ಕಸಿದುಕೊಂಡವರು ಯಾರು ಎಂದು ವಿಚಾರಿಸುವಾಗ ಪ್ರತಿಸಲವೂ ತೀರ್ಪು ಬರುವುದು ಬಾಯಿ ಬಾರದ ಕೂಸಿನ ವಿರುದ್ಧ. ಒಂದು ಭಾನುವಾರದ ಮಟ್ಟಿಗೆ ಆ ಕೂಸನ್ನು ಬಿಟ್ಟು, ದೊಡ್ಡವರಾದ ನಾವು ಮಾಡುವ ಸದ್ದನ್ನು ಎಣಿಸಿ ನೋಡೋಣ.

ಪೂಜೆ ಆರಂಭವಾಗುವ ಮೊದಲೇ ಧ್ವನಿವರ್ಧಕದಲ್ಲಿ 'ಹಲೋ, ಹಲೋ, ಮೈಕ್ ಟೆಸ್ಟಿಂಗ್' ಶುರು. ಜಪಸರ ಹಿಡಿದು ಮುಂಚಿತವಾಗಿ ಬಂದ ಅಜ್ಜಿಯರು ಅದರ ನಡುವೆಯೇ ಪ್ರಾರ್ಥಿಸಬೇಕು. ಮೊದಲ ವಾಚನದ ಹೊತ್ತಿಗೆ ತಡವಾಗಿ ಬಂದವರ ಚಪ್ಪಲಿಯ ಸಪ್ಪಳ. ಕೀರ್ತನೆಯ ಹೊತ್ತಿಗೆ ಯಾರದೋ ಕೈಚೀಲದೊಳಗಿನಿಂದ ಸಿನಿಮಾ ಹಾಡು. ಚೀಲದ ತಳದಲ್ಲಿರುವ ಫೋನು ಕೈಗೆ ಸಿಗುವಷ್ಟರಲ್ಲಿ ಪಲ್ಲವಿ ಮುಗಿದು ಚರಣ ಬಂದಿರುತ್ತದೆ. ಅದನ್ನಾದರೂ ಮರೆವೆಂದು ಕ್ಷಮಿಸಬಹುದು. ಆದರೆ ಆ ಕರೆಯನ್ನು ಅಲ್ಲಿಯೇ ಸ್ವೀಕರಿಸಿ, ಬಾಯಿಗೆ ಕೈ ಅಡ್ಡವಿಟ್ಟು, 'ಪೂಜೆಯಲ್ಲಿದ್ದೇನೆ, ಪರವಾಗಿಲ್ಲ, ಹೇಳಿ' ಎನ್ನುವವರನ್ನು ಏನೆನ್ನೋಣ?

ಪ್ರಬೋಧನೆ ಆರಂಭವಾಯಿತೆಂದರೆ ಹಿಂದಿನ ಬಾಗಿಲಿನಿಂದ ಗಂಡಸರ ಒಂದು ಗುಂಪು ಗಾಳಿಗೆಂದು ಹೊರಡುತ್ತದೆ. ಅಂಗಳದ ಮರದಡಿಯಲ್ಲಿ ನಿವೇಶನದ ಬೆಲೆ, ಚುನಾವಣೆ, ಕ್ರಿಕೆಟ್ಟು ಎಲ್ಲವೂ ಚರ್ಚೆಗೆ ಬರುತ್ತವೆ. ನಗು ಕಿಟಕಿಯೊಳಗೆ ಬರುತ್ತದೆ. ಇದು ಹಳೆಯ ರೋಗ. 6ನೇ ಶತಮಾನದಲ್ಲಿ ಆರ್ಲ್ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ಸಿಸೇರಿಯಸ್‌ರವರು, ಶುಭಸಂದೇಶದ ವಾಚನ ಮುಗಿಯುತ್ತಲೇ ಜನ ಜಾರಿಕೊಳ್ಳುವುದನ್ನು ಕಂಡು ದೇವಾಲಯದ ಬಾಗಿಲುಗಳನ್ನೇ ಮುಚ್ಚಿಸುತ್ತಿದ್ದರೆಂದು ಅವರ ಚರಿತ್ರೆ ಹೇಳುತ್ತದೆ. ಪ್ರಬೋಧನೆ ಬಹಳ ಉದ್ದವೆಂಬ ನೆಪ ಹೇಳುವವರು ತ್ರೋವ ಪಟ್ಟಣದ ಯೂತಿಖನನ್ನು ನೆನೆಯಬೇಕು. ಪೌಲನು ಮಧ್ಯರಾತ್ರಿಯವರೆಗೆ ಮಾತಾಡುತ್ತಿದ್ದಾಗ ಆ ಯುವಕ ತೂಕಡಿಸಿ ಮೂರನೆಯ ಅಂತಸ್ತಿನ ಕಿಟಕಿಯಿಂದ ಬಿದ್ದ. ಬೀಳುವ ತನಕ ಆತ ಒಳಗೇ ಇದ್ದನಲ್ಲ! (ಗುರುಗಳೂ ಆ ಪ್ರಸಂಗವನ್ನು ಆಗಾಗ ಓದಿಕೊಂಡರೆ ಒಳ್ಳೆಯದು.)

ಇನ್ನು ಗಾನವೃಂದದ ವಿಷಯ. ಇದನ್ನು ಬರೆದರೆ ಕೆಲವರಿಗೆ ನೋವಾಗುತ್ತದೆಂದು ಬಲ್ಲೆ. ವಾರವಾರವೂ ಅಭ್ಯಾಸಕ್ಕೆ ಬರುವ ಯುವಕ ಯುವತಿಯರ ಶ್ರಮ ಕಡಿಮೆಯದಲ್ಲ. ಆದರೆ ಕೀಬೋರ್ಡಿನೊಳಗಿನ ತಯಾರಾದ ಡ್ರಮ್ಮಿನ ತಾಳ, ನಾಲ್ಕು ಮೂಲೆಗಳ ದೊಡ್ಡ ಸ್ಪೀಕರುಗಳು, ಮೈಕಿಗೆ ತುಟಿ ತಾಗಿಸಿ ಹಾಡುವ ಮೂರು ಕಂಠಗಳು, ಇವಿಷ್ಟರ ಎದುರು ಸಭೆಯ ಮುನ್ನೂರು ಜನ ಹಾಡಿದರೆಷ್ಟು ಬಿಟ್ಟರೆಷ್ಟು? ಅವರು ಬಿಟ್ಟೇಬಿಟ್ಟಿದ್ದಾರೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ದೈವಾರಾಧನೆಯನ್ನು ಕುರಿತು ಹೊರಡಿಸಿದ ಸಂವಿಧಾನದಲ್ಲಿ ಜನರೆಲ್ಲರೂ ಹಾಡಿ, ಉತ್ತರಿಸಿ, ಸಕ್ರಿಯವಾಗಿ ಭಾಗವಹಿಸಬೇಕೆಂದು ಬಯಸಿತು. ಅದೇ 30ನೆಯ ಪರಿಚ್ಛೇದದಲ್ಲಿ, ತಕ್ಕ ಸಮಯದಲ್ಲಿ ಪೂಜ್ಯವಾದ ಮೌನವನ್ನೂ ಪಾಲಿಸಬೇಕೆಂದಿತು. ನಮ್ಮಲ್ಲಿ ಎರಡೂ ತಿರುವುಮುರುವಾಗಿವೆ. ಹಾಡಬೇಕಾದ ಸಭೆ ಬಾಯಿ ಮುಚ್ಚಿಕೊಂಡಿದೆ. ಸುಮ್ಮನಿರಬೇಕಾದ ವಾದ್ಯ ಸುಮ್ಮನಿರುವುದಿಲ್ಲ.

ಉತ್ಪ್ರೇಕ್ಷೆಯೆನಿಸೀತೇ? ಗುರುಗಳು ಬಲಿಪೀಠದಲ್ಲಿ ಪ್ರಾರ್ಥನೆಗಳನ್ನು ಹೇಳುವಾಗ ಬೇರೆ ಯಾವ ಹಾಡೂ ಇರಬಾರದು, ವಾದ್ಯಗಳು ಮೌನವಾಗಿರಬೇಕು ಎಂಬುದು ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನಗಳ 32ನೆಯ ಅಂಶ. ಆದರೂ ರೊಟ್ಟಿ ದ್ರಾಕ್ಷಾರಸಗಳ ಪವಿತ್ರೀಕರಣದ ಹೊತ್ತಿನಲ್ಲಿ 'ವಾತಾವರಣಕ್ಕೆ' ಎಂದು ಕೀಬೋರ್ಡನ್ನು ಮೆಲ್ಲಗೆ ನುಡಿಸುವ ರೂಢಿ ಎಷ್ಟು ಕಡೆ ಬೆಳೆದುಬಂದಿಲ್ಲ! ಅದೇ ನಿರ್ದೇಶನಗಳ 45ನೆಯ ಅಂಶವು ಮೌನವನ್ನು ಪೂಜೆಯ ಒಂದು ಭಾಗವೆಂದೇ ಕರೆಯುತ್ತದೆ. ಪಾಪ ನಿವೇದನೆಯಲ್ಲಿ, 'ಪ್ರಾರ್ಥಿಸೋಣ' ಎಂಬ ಕರೆಯ ನಂತರ, ವಾಚನ ಹಾಗೂ ಪ್ರಬೋಧನೆಗಳ ಬಳಿಕ, ಪರಮಪ್ರಸಾದ ಸ್ವೀಕರಿಸಿದ ಮೇಲೆ ಮೌನವಿರಬೇಕು. ಪೂಜೆಗೆ ಮುನ್ನವೂ ದೇವಾಲಯದಲ್ಲಿ ಮೌನವಿದ್ದರೆ ಒಳಿತು. 'ಪ್ರಾರ್ಥಿಸೋಣ' ಎಂದ ಮೇಲೆ ಒಂದು ಉಸಿರು ತೆಗೆದುಕೊಳ್ಳುವಷ್ಟಾದರೂ ಬಿಡುವು ನಮ್ಮ ಪೂಜೆಗಳಲ್ಲಿ ಸಿಗುತ್ತಿದೆಯೇ? ಪರಮಪ್ರಸಾದದ ನಂತರದ ಮೌನವನ್ನಂತೂ ಪ್ರಕಟಣೆಗಳು ನುಂಗಿಹಾಕಿವೆ. ಪ್ರಭುವನ್ನು ನಾಲಿಗೆಯ ಮೇಲಿರಿಸಿಕೊಂಡು ಬಂದು ಮೊಣಕಾಲೂರಿದವನ ಕಿವಿಗೆ ಪ್ರವಾಸದ ಬಸ್ಸಿನ ಶುಲ್ಕ, ಹಬ್ಬದ ದೇಣಿಗೆದಾರರ ಪಟ್ಟಿ, ಶಾಲು ಹೊದಿಸುವ ಕಾರ್ಯಕ್ರಮ, ಕೊನೆಗೆ ಜೋರಾದ ಚಪ್ಪಾಳೆ.

ಮದುವೆಯ ಪೂಜೆಗಳನ್ನು ಬಿಟ್ಟುಬಿಡೋಣವೆಂದರೆ ಮನಸ್ಸು ಒಪ್ಪುತ್ತಿಲ್ಲ. ಬಲಿಪೀಠಕ್ಕೆ ಬೆನ್ನು ತಿರುಗಿಸಿ ನಿಂತು, ಕಣ್ಣು ಕುಕ್ಕುವ ದೀಪ ಹಿಡಿಸಿ, ವಧುವಿಗೆ 'ಇನ್ನೊಮ್ಮೆ ಉಂಗುರ ತೊಡಿಸಿ' ಎಂದು ಅಪ್ಪಣೆ ಕೊಡುವ ವಿಡಿಯೋದವನನ್ನು ಯಾವ ಸಮಿತಿ ಹೊರಗೆ ಕಳಿಸಿದೆ? 2017ರ ನವೆಂಬರ್ 8ರಂದು ಸಂತ ಪೇತ್ರರ ಚೌಕದಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಈ ಚಾಳಿಯನ್ನು ನೇರವಾಗಿ ಖಂಡಿಸಿದರು. ಹೃದಯಗಳನ್ನು ಮೇಲಕ್ಕೆತ್ತಿರೆಂದು ಗುರುಗಳು ಕರೆಯುವಾಗ ಫೋನುಗಳನ್ನು ಎತ್ತುತ್ತಾರಲ್ಲ ಎಂದು ವ್ಯಥೆಪಟ್ಟರು. ಹಾಗೆ ಎತ್ತುವವರಲ್ಲಿ ಗುರುಗಳೂ ಧರ್ಮಾಧ್ಯಕ್ಷರೂ ಇದ್ದಾರೆಂದು ಮುಚ್ಚುಮರೆಯಿಲ್ಲದೆ ಹೇಳಿದರು.

ಅದೇ ವರ್ಷದ ಜನವರಿಯಲ್ಲಿ ಸಿಸ್ಟೈನ್ ಪ್ರಾರ್ಥನಾಲಯದಲ್ಲಿ ಶಿಶುಗಳಿಗೆ ಸ್ನಾನದೀಕ್ಷೆ ನೀಡುತ್ತಿದ್ದಾಗ ಒಂದು ಕೂಸು ಅಳತೊಡಗಿ, ಉಳಿದವೂ ದನಿಗೂಡಿಸಿದವು. ಅದೇ ಜಗದ್ಗುರುಗಳು ಆಗ ಸಿಡುಕಲಿಲ್ಲ. ಹಸಿದಿದ್ದರೆ ಸಂಕೋಚವಿಲ್ಲದೆ ಅಲ್ಲಿಯೇ ಹಾಲೂಡಿಸಿರೆಂದು ತಾಯಂದಿರಿಗೆ ಹೇಳಿದರು. ಗೋದಲಿಯಲ್ಲಿ ಯೇಸುಸ್ವಾಮಿಯ ಮೊದಲ ಪ್ರಬೋಧನೆ ಅವರ ಅಳುವೇ ಆಗಿತ್ತೆಂದು ಭಾವಿಸಲು ತಮಗಿಷ್ಟ ಎಂದೂ ಹೇಳಿದರು.

ಮತ್ತಾಯನ ಶುಭಸಂದೇಶದ 21ನೆಯ ಅಧ್ಯಾಯವನ್ನು ನಾವು ಅರ್ಧಕ್ಕೇ ನಿಲ್ಲಿಸಿಬಿಡುತ್ತೇವೆ. ಮಹಾದೇವಾಲಯದಿಂದ ವ್ಯಾಪಾರಿಗಳನ್ನು ಹೊರಗಟ್ಟಿ, ಹಣ ವಿನಿಮಯದ ಮೇಜುಗಳನ್ನು ಯೇಸು ಉರುಳಿಸಿದ್ದು ಎಲ್ಲರಿಗೂ ನೆನಪಿದೆ. ಮುಂದಿನ ವಚನಗಳಲ್ಲಿ ಅದೇ ಆವರಣದಲ್ಲಿ ಮಕ್ಕಳು ಹೊಸಾನ್ನ ಎಂದು ಕೂಗಾಡುತ್ತಿದ್ದಾರೆ. ಮುಖ್ಯಯಾಜಕರಿಗೂ ಧರ್ಮಶಾಸ್ತ್ರಿಗಳಿಗೂ ಕೋಪ. ಇವರ ಗದ್ದಲ ಕೇಳಿಸುತ್ತಿಲ್ಲವೇ ಎಂದು ಯೇಸುವನ್ನೇ ಪ್ರಶ್ನಿಸುತ್ತಾರೆ. ದೊಡ್ಡವರ ಸಂತೆಯನ್ನು ಆಗತಾನೇ ಎತ್ತಿಸಿದ ಸ್ವಾಮಿ ಮಕ್ಕಳ ಪಕ್ಷ ವಹಿಸಿದರು.

ಹಾಗೆಂದು ಮಕ್ಕಳನ್ನು ನಡುದಾರಿಯಲ್ಲಿ ಓಡಲು ಬಿಡಬೇಕೆಂದು ನಾನು ವಾದಿಸುತ್ತಿಲ್ಲ. ಅತ್ತು ಅತ್ತು ನೀಲಿಗಟ್ಟುವ ಕೂಸನ್ನು ಹತ್ತು ನಿಮಿಷ ಹೊರಗೆ ಎತ್ತಾಡಿಸುವುದು ತಾಯಿಗೂ ಗೊತ್ತು. ಅದಕ್ಕೆ ಫಲಕ ಬೇಡ. (ತಂದೆಯೂ ಎತ್ತಾಡಿಸಬಹುದು, ಹೇಗೂ ಮರದಡಿಯಲ್ಲೇ ಇದ್ದಾನೆ.) ಆದರೆ ಮುಂದಿನ ಸಾಲಿನಿಂದ ತಿರುಗಿ ನೋಡುವ ಹತ್ತು ಕಣ್ಣುಗಳಿಗೆ ಅಂಜಿ ಎಷ್ಟೋ ಎಳೆಯ ತಾಯಂದಿರು ಎರಡು ಮೂರು ವರ್ಷ ಪೂಜೆಯನ್ನೇ ಬಿಡುತ್ತಾರೆ, ಇಲ್ಲವೇ ಬಲಿಪೀಠ ಕಾಣದ ಮೊಗಸಾಲೆಯಲ್ಲಿ ನಿಂತು ಹಿಂದಿರುಗುತ್ತಾರೆ. ಉಳಿದವರು ಕಂಡುಕೊಂಡ ಉಪಾಯ ಇನ್ನೂ ಘೋರ. ಮಗುವಿನ ಕೈಗೆ ಫೋನು ಕೊಟ್ಟು, ದನಿ ಆರಿಸಿ, ಕಾರ್ಟೂನು ಹಚ್ಚಿಬಿಡುತ್ತಾರೆ. ಮಗು ಒಂದು ಗಂಟೆ ಮಿಸುಕುವುದಿಲ್ಲ. ಸುತ್ತಲಿನವರೆಲ್ಲ 'ಎಷ್ಟು ಒಳ್ಳೆಯ ಮಗು' ಎಂದು ಮೆಚ್ಚುತ್ತಾರೆ. ಆ ಮಗು ಪೂಜೆಯಲ್ಲಿ ಇರಲೇ ಇಲ್ಲವೆಂಬುದು ಯಾರಿಗೂ ಹೊಳೆಯುವುದಿಲ್ಲ, ಸದ್ದಿರಲಿಲ್ಲವಲ್ಲ, ಸಾಕು.

ಪಾಲನಾ ಸಮಿತಿಯ ಮುಂದಿನ ಸಭೆಯಲ್ಲಿ ಮಕ್ಕಳ ಗಲಾಟೆಯ ವಿಷಯ ಬಂದರೆ ಸದಸ್ಯರು ಮೊದಲು ಬೇರೆ ನಾಲ್ಕು ಠರಾವುಗಳನ್ನು ಬರೆದುಕೊಳ್ಳಲಿ. ಗುರುಗಳು ಪ್ರಾರ್ಥಿಸುವಾಗ ಕೀಬೋರ್ಡಿಗೆ ವಿರಾಮ. ಪ್ರಕಟಣೆಗಳು ಫಲಕದ ಮೇಲೆ. ಅತಿ ಅಗತ್ಯವಾದದ್ದು ಮಾತ್ರ ಬಾಯಲ್ಲಿ, ಅದೂ ಮೌನ ಪ್ರಾರ್ಥನೆ ಮುಗಿದ ನಂತರ. ವಿಡಿಯೋದವರಿಗೆ ನಿಲ್ಲಲು ಒಂದು ಮೂಲೆ, ದೀಪವಿಲ್ಲದೆ. ಮತ್ತು ಮುಂದಿನ ಎರಡು ಸಾಲು ಬೆಂಚುಗಳು, ಗಣ್ಯರಿಗೆಂದು ಹಬ್ಬದ ದಿನ ಬಿಳಿ ಬಟ್ಟೆ ಹೊದಿಸುವ ಬೆಂಚುಗಳೇ, ಕೂಸುಗಳಿರುವ ಕುಟುಂಬಗಳಿಗೆ ಮೀಸಲು.