ಬಿದ್ದವರದೇ ತಪ್ಪೆಂಬ ಮಾತು



ಗೃಹಸ್ಥ ಜೀವನದ ಆಚಾರ-ವಿಚಾರಗಳನ್ನು ಕುರಿತು ತಿಂಗಳಿಗೊಮ್ಮೆ ನಾಲ್ಕು ಮಾತುಗಳನ್ನು ನಿವೇದಿಸುವುದು ಈ ಅಂಕಣದಲ್ಲಿ ನಮ್ಮ ರೂಢಿ. ಈ ಸಲ ಕಾಯಿದೆಗೆ ಸಂಬಂಧಿಸಿದ ವಿಷಯವೊಂದನ್ನು ಎತ್ತಿಕೊಂಡಿದ್ದೇವೆ. ಇದನ್ನು ಬರೆಯಲು ನಮ್ಮಿಂದಲೇ ಆದ ಪ್ರಮಾದವೊಂದು ಕಾರಣವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

ಹುಬ್ಬಳ್ಳಿಯ ಕಡೆಯ ಕುಟುಂಬವೊಂದು ನಮಗೆ ಬಹುಕಾಲದಿಂದ ಪರಿಚಿತ. ಆ ಮನೆಯ ಹಿರಿಯ ತಾಯಿ ಗಂಡನನ್ನು ಕಳೆದುಕೊಂಡ ಮೇಲೆ ಖಡಕ್ ರೊಟ್ಟಿ ಬಡಿದು, ಅಂಗಡಿಗಳಿಗೆ ಒದಗಿಸಿ, ಇಬ್ಬರು ಮಕ್ಕಳನ್ನು ಓದಿಸಿದವರು. ಅರವತ್ತು ದಾಟಿದ ಮೇಲೂ ಆ ಕೆಲಸವನ್ನು ಬಿಟ್ಟಿರಲಿಲ್ಲ. ಬೆಂಗಳೂರಿನಲ್ಲಿರುವ ಮಗಳ ಮನೆಗೆ ಹೋದಾಗ, ಮೊಮ್ಮಗಳಿಗೆ ಬಟ್ಟೆ ಕೊಳ್ಳಲೆಂದು ದೊಡ್ಡದೊಂದು ವ್ಯಾಪಾರ ಸಂಕೀರ್ಣಕ್ಕೆ ಹೋಗಿದ್ದರು. ಬಟ್ಟೆ ಕೊಂಡು, ಹಣ ಕೊಟ್ಟು, ಎಸ್ಕಲೇಟರ್ ಎಂದು ಕರೆಯಲಾಗುವ ಚಲಿಸುವ ಮೆಟ್ಟಿಲಿನ ಮೇಲೆ ಕೆಳಗಿಳಿಯುತ್ತಿದ್ದಾಗ ಸೀರೆಯ ಅಂಚು ಕೆಳತುದಿಯ ಹಲ್ಲುಪಟ್ಟಿಗೆ ಸಿಕ್ಕಿತು. ಬಿಡಿಸಿಕೊಳ್ಳಲು ಬಾಗಿದವರು ಆಯತಪ್ಪಿ ಬಿದ್ದರು. ಬಲಗೈಯ ಎರಡು ಬೆರಳುಗಳು ಹೋದವು. ದಾರಿಹೋಕ ತರುಣನೊಬ್ಬನು ಕೆಂಪು ಗುಂಡಿಯನ್ನೊತ್ತಿ ಯಂತ್ರವನ್ನು ನಿಲ್ಲಿಸದಿದ್ದರೆ ಇನ್ನೇನಾಗುತ್ತಿತ್ತೋ ತಿಳಿಯದು. ಆ ಪಟ್ಟಿಯ ಹಲ್ಲುಗಳಲ್ಲಿ ಕೆಲವು ಮೊದಲೇ ಮುರಿದಿದ್ದವೆಂದು ಮಗಳು ಕಣ್ಣಾರೆ ಕಂಡು ಹೇಳಿದಳು.

ಆಸ್ಪತ್ರೆಯ ಮೊದಲ ದಿನದ ಖರ್ಚೆಂದು ಆ ಸಂಕೀರ್ಣದವರು ಅಲ್ಪ ಹಣವನ್ನು ಕೊಟ್ಟು, ಅಚ್ಚು ಮಾಡಿದ್ದ ಕಾಗದಕ್ಕೆ ಸಹಿ ಪಡೆದರು. ಕೆಲವು ವಾರಗಳ ತರುವಾಯ ಆ ತಾಯಿ ಮಗನೊಡನೆ ನಮ್ಮಲ್ಲಿಗೆ ಬಂದಿದ್ದರು. "ಶಾಸ್ತ್ರಿಗಳ, ತಪ್ಪು ನಂದs ಅಂತ ಬರಕೊಟ್ಟೀನ್ರಿ. ಮಿಶನ್ನಿಗೆ ಏನು ಅನ್ನೂದೈತ್ರಿ?" ಎಂದರು. ಮಗನು ಮಾತ್ರ, ಏನಾದರೂ ಮಾಡಬಹುದೇ ಎಂದು ಕೇಳಿದ. "ಆದದ್ದು ಆಗಿಹೋಯಿತು, ಜೀವ ಉಳಿಯಿತಲ್ಲ, ಕೋರ್ಟು-ಕಚೇರಿಯ ಅಲೆದಾಟ ಈ ವಯಸ್ಸಿನಲ್ಲಿ ಏಕೆ?" ಎಂದು ನಾವು ಸಮಾಧಾನ ಹೇಳಿ ಕಳುಹಿಸಿದೆವು. ಅದೇ ನಮ್ಮ ಪ್ರಮಾದ. ಎರಡು ವರ್ಷಗಳ ಮೇಲೆ ನಾಲ್ಕು ತಿಂಗಳು ಕಳೆದ ಬಳಿಕ ನಮ್ಮ ಹಳೆಯ ಶಿಷ್ಯರಾದ ವಕೀಲರೊಬ್ಬರೊಡನೆ ಈ ಪ್ರಸಂಗವನ್ನು ಪ್ರಾಸಂಗಿಕವಾಗಿ ಪ್ರಸ್ತಾಪಿಸಿದಾಗ ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು. ಅವರಿಂದ ತಿಳಿದುದನ್ನು, ಅನಂತರ ನಾವೇ ಓದಿ ಗ್ರಹಿಸಿದುದನ್ನು ಇಲ್ಲಿ ಸಂಗ್ರಹಿಸಿದ್ದೇವೆ.

ಈ ಯಂತ್ರದ ರಚನೆಯನ್ನು ಸ್ಥೂಲವಾಗಿ ಅರಿತರೆ ಹೊಣೆ ಯಾರದೆಂಬುದು ಸ್ಪಷ್ಟವಾಗುತ್ತದೆ. ಅಮೆರಿಕದ ಜೆಸ್ಸಿ ರೆನೊ ಎಂಬಾತನು 1892ರಲ್ಲಿ ಇಂಥ ಯಂತ್ರಕ್ಕೆ ಹಕ್ಕುಪತ್ರ ಪಡೆದು, 1896ರಲ್ಲಿ ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ ಜನರಿಗೆ ತೋರಿಸಿದನು. 1900ರ ಪ್ಯಾರಿಸ್ ಪ್ರದರ್ಶನದ ಅನಂತರ ಅದು ಜಗತ್ತಿನಾದ್ಯಂತ ಹರಡಿತು. ಮೆಟ್ಟಿಲುಗಳು ಸರಪಳಿಯ ಸಹಾಯದಿಂದ ಹಳಿಗಳ ಮೇಲೆ ಸುತ್ತುತ್ತವೆ. ಸಾಮಾನ್ಯವಾಗಿ ಮೂವತ್ತು ಅಂಶಗಳ ಇಳಿಜಾರಿನಲ್ಲಿ ಸೆಕೆಂಡಿಗೆ ಸುಮಾರು ಅರ್ಧ ಮೀಟರಿನಷ್ಟು ಚಲಿಸುತ್ತವೆ. ಎರಡೂ ತುದಿಗಳಲ್ಲಿ ಬಾಚಣಿಗೆಯಂತಹ ಹಲ್ಲುಪಟ್ಟಿಯಿದ್ದು, ಮೆಟ್ಟಿಲಿನ ಗೆರೆಗಳೊಳಗೆ ಅದರ ಹಲ್ಲುಗಳು ಕೂಡುತ್ತವೆ. ಒಂದು ಹಲ್ಲು ಮುರಿದರೂ ಬಟ್ಟೆ, ಚಪ್ಪಲಿ, ಬೆರಳು ನುಗ್ಗುವಷ್ಟು ಸಂದು ಉಂಟಾಗುತ್ತದೆ. ಮುರಿದ ಹಲ್ಲನ್ನು ಬದಲಾಯಿಸುವುದು, ಪಕ್ಕದ ಸಂದನ್ನು ಅಳತೆಯಲ್ಲಿಡುವುದು, ಕೈಪಟ್ಟಿಯು ಮೆಟ್ಟಿಲಿನ ವೇಗಕ್ಕೆ ಸಮನಾಗಿ ಓಡುವಂತೆ ನೋಡಿಕೊಳ್ಳುವುದು ಇವೆಲ್ಲ ಯಂತ್ರವನ್ನಿಟ್ಟುಕೊಂಡವರ ನಿತ್ಯದ ಕೆಲಸ. ಮೆಟ್ಟಿಲೇರುವ ಅಜ್ಜಿಗೆ ಇದನ್ನು ಪರೀಕ್ಷಿಸುವ ಸಾಧನವೂ ಇಲ್ಲ, ಅವಕಾಶವೂ ಇಲ್ಲ.

ನಿರ್ಲಕ್ಷ್ಯದ ಪರಿಣಾಮ ಎಷ್ಟು ಘೋರವಾಗಬಹುದೆಂಬುದಕ್ಕೆ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ದುರಂತವೇ ಸಾಕ್ಷಿ. 1987ರ ನವೆಂಬರ್ 18ರ ಸಂಜೆ ಅಲ್ಲಿನ ಮರದ ಎಸ್ಕಲೇಟರಿನ ಸಂದಿನಲ್ಲಿ ಉರಿಯುವ ಬೆಂಕಿಕಡ್ಡಿಯೊಂದು ಬಿದ್ದು, ಕೆಳಗೆ ವರ್ಷಗಳಿಂದ ಸೇರಿಕೊಂಡಿದ್ದ ಎಣ್ಣೆಜಿಡ್ಡು ಮತ್ತು ಕಸಕ್ಕೆ ಕಿಚ್ಚು ಹತ್ತಿತು. 31 ಮಂದಿ ಪ್ರಾಣ ತೆತ್ತರು. ಕಡ್ಡಿ ಎಸೆದವನು ಯಾರೋ ಒಬ್ಬನಿರಬಹುದು. ಆದರೆ ಡೆಸ್ಮಂಡ್ ಫೆನೆಲ್ ಅವರ ವಿಚಾರಣೆ ಅಷ್ಟಕ್ಕೇ ನಿಲ್ಲಲಿಲ್ಲ. ಕಸವನ್ನು ತೆಗೆಯದ, ಸಿಬ್ಬಂದಿಗೆ ತರಬೇತಿ ಕೊಡದ ಆಡಳಿತವನ್ನೇ ಅವರ 1988ರ ವರದಿ ಕಟುವಾಗಿ ಟೀಕಿಸಿತು. ಮರುವರ್ಷವೇ ಅಲ್ಲಿ ನೆಲದಡಿಯ ನಿಲ್ದಾಣಗಳಿಗೆ ಹೊಸ ಅಗ್ನಿಸುರಕ್ಷಾ ನಿಯಮಗಳು ಬಂದವು.

ನಮ್ಮ ದೇಶದ ನ್ಯಾಯವೂ ಇದೇ ದಾರಿಯಲ್ಲಿದೆ. ದೆಹಲಿಯ ಚಾಂದನಿ ಚೌಕದಲ್ಲಿ ನಗರಸಭೆಗೆ ಸೇರಿದ್ದ ಗಡಿಯಾರದ ಗೋಪುರವೊಂದು ಕುಸಿದು ಜನರು ಮೃತರಾದರು. ಗೋಪುರಕ್ಕೆ ಸುಮಾರು 80 ವರ್ಷ ವಯಸ್ಸಾಗಿತ್ತು. ಅದರ ಗಾರೆಯ ಆಯುಸ್ಸಾದರೋ 40-45 ವರ್ಷ ಮಾತ್ರ. ದೋಷವು ಹೊರಗೆ ಕಾಣುತ್ತಿರಲಿಲ್ಲವೆಂಬ ಪಾಲಿಕೆಯ ವಾದವನ್ನು ಸುಪ್ರೀಂ ಕೋರ್ಟು 1966ರಲ್ಲಿ ಒಪ್ಪಲಿಲ್ಲ. ಜನಸಂಚಾರದ ಸ್ಥಳದಲ್ಲಿ ಕಟ್ಟಡವಿಟ್ಟುಕೊಂಡವರು ಅದನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕು, ಸುಸ್ಥಿತಿಯಲ್ಲಿದ್ದರೆ ಬೀಳದಂಥದು ಬಿದ್ದರೆ ಆ ಬೀಳುವಿಕೆಯೇ ನಿರ್ಲಕ್ಷ್ಯದ ಕಡೆಗೆ ಬೊಟ್ಟು ಮಾಡುತ್ತದೆ ಎಂಬುದು ಆ ತೀರ್ಪಿನ ತಾತ್ಪರ್ಯ. ಚಲಿಸುವ ಮೆಟ್ಟಿಲಿನ ವಾದದಲ್ಲೂ ಈ ತತ್ತ್ವವನ್ನು ಮುಂದಿಡಬಹುದು.

ನಮ್ಮ ರಾಜ್ಯದಲ್ಲಿ 1974ರ ಲಿಫ್ಟು ಕಾಯಿದೆಯ ಬಳಿಕ, ಎಸ್ಕಲೇಟರುಗಳನ್ನೂ ಒಳಗೊಂಡ 2012ರ ಅಧಿನಿಯಮ ಬಂದಿದೆ. ವಿದ್ಯುತ್ ಪರಿವೀಕ್ಷಣಾಲಯವು ಈ ಯಂತ್ರಗಳ ಮೇಲ್ವಿಚಾರಣೆಯನ್ನು ನೋಡಿಕೊಳ್ಳುತ್ತದೆ. ಯಂತ್ರಕ್ಕೆ ಪರವಾನಗಿ ಇತ್ತೇ, ಕಡೆಯ ತಪಾಸಣೆ ಯಾವಾಗ ನಡೆಯಿತು ಎಂಬುದನ್ನು 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಅರ್ಜಿ ಹಾಕಿ ಆ ಕಚೇರಿಯಿಂದ ಕೇಳಬಹುದು.

ಪರಿಹಾರಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಗ್ರಾಹಕರ ಆಯೋಗ. 1986ರ ಕಾಯಿದೆಯ ಸ್ಥಾನದಲ್ಲಿ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು 2020ರ ಜುಲೈ 20ರಿಂದ ಜಾರಿಯಲ್ಲಿದೆ. ಹಣ ಕೊಟ್ಟು ಪಡೆದ ಸೇವೆಯಲ್ಲಿ ಕೊರತೆಯಿಂದ ಹಾನಿಯಾದರೆ ಜಿಲ್ಲಾ ಆಯೋಗದಲ್ಲಿ ದೂರು ಕೊಡಬಹುದು. ಘಟನೆ ಬೆಂಗಳೂರಿನಲ್ಲಿ ನಡೆದಿದ್ದರೂ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸುವ ಅನುಕೂಲವನ್ನು ಹೊಸ ಕಾಯಿದೆ ಕೊಟ್ಟಿದೆ. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ನೇಮಿಸಲೇಬೇಕೆಂಬ ನಿರ್ಬಂಧವೂ ಇಲ್ಲ. ಆದರೆ ಘಟನೆಯಾದ ಎರಡು ವರ್ಷಗಳೊಳಗೆ ದೂರು ಕೊಡಬೇಕು. ತಡವಾದರೆ ಸಕಾರಣವನ್ನು ತೋರಿಸಬೇಕು. "ದೊಡ್ಡವರೊಬ್ಬರು ಬಿಟ್ಟುಬಿಡಿ ಎಂದರು" ಎಂಬುದು ಸಕಾರಣವಾಗಲಾರದೆಂದು ವಕೀಲರು ನಮ್ಮ ಮುಖ ನೋಡಿಯೇ ಹೇಳಿದರು. ನಾವು ತಲೆತಗ್ಗಿಸಿದೆವು.

ಎರಡನೆಯದು ಸಿವಿಲ್ ನ್ಯಾಯಾಲಯದ ದಾವೆ. ಏನನ್ನೂ ಕೊಳ್ಳದೆ ಸುಮ್ಮನೆ ಒಳಹೊಕ್ಕವರನ್ನು ಗ್ರಾಹಕರಲ್ಲವೆಂದು ಎದುರುಪಕ್ಷದವರು ವಾದಿಸಬಹುದಾದ್ದರಿಂದ ಅಂಥವರಿಗೆ ಈ ದಾರಿಯೇ ಲೇಸು. ಗಾಯಗೊಂಡವರ ಇಂತಹ ದಾವೆಗೆ 1963ರ ಕಾಲಪರಿಮಿತಿ ಅಧಿನಿಯಮದಂತೆ ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಯಿದೆ. ಮರಣ ಸಂಭವಿಸಿದ್ದರೆ 1855ರ ಮಾರಣಾಂತಿಕ ಅಪಘಾತಗಳ ಅಧಿನಿಯಮದ ಮೇರೆಗೆ ಪತಿ, ಪತ್ನಿ, ತಂದೆತಾಯಿ, ಮಕ್ಕಳಿಗಾಗಿ ಎರಡು ವರ್ಷಗಳೊಳಗೆ ದಾವೆ ಹೂಡಬೇಕು. ಗಾಯಗೊಂಡದ್ದು ಅಪ್ರಾಪ್ತ ವಯಸ್ಸಿನ ಮಗುವಾಗಿದ್ದರೆ ದಾವೆಯ ಅವಧಿಯನ್ನು ಅದು ಪ್ರಾಪ್ತವಯಸ್ಕವಾದಂದಿನಿಂದ ಎಣಿಸುವ ರಿಯಾಯಿತಿಯುಂಟು. ಆದರೂ ಸಾಕ್ಷ್ಯ ಅಳಿಯುವ ಮುನ್ನ ಪೋಷಕರು ಮುಂದಾಗುವುದೇ ವಿವೇಕ. ಸರ್ಕಾರದ ವಿರುದ್ಧ ದಾವೆಯಾದರೆ ಎರಡು ತಿಂಗಳ ಮುಂಚಿತ ನೋಟೀಸು ಕೊಡಬೇಕಾಗುತ್ತದೆ, ಅವಧಿಯ ಲೆಕ್ಕವೂ ಬೇರೆಯಾಗಬಹುದು. ಅಲ್ಲಿ ತಡಮಾಡಲೇಬಾರದು.

ಎಷ್ಟು ಪರಿಹಾರ ಎಂಬ ಪ್ರಶ್ನೆಗೆ ಒಂದೇ ಅಳತೆಗೋಲಿಲ್ಲ. ಸುಪ್ರೀಂ ಕೋರ್ಟು 1995ರಲ್ಲಿ ಹಟ್ಟಂಗಡಿ ಪ್ರಕರಣದಲ್ಲಿ ಇದನ್ನು ಎರಡು ಭಾಗ ಮಾಡಿ ವಿವರಿಸಿತು. ಚಿಕಿತ್ಸೆಯ ವೆಚ್ಚ, ಹೋದ ಸಂಪಾದನೆ ಮುಂತಾಗಿ ಲೆಕ್ಕಕ್ಕೆ ಸಿಗುವ ನಷ್ಟ ಒಂದು. ನೋವು, ಬದುಕಿನ ಸುಖಕ್ಕೆ ಬಂದ ಕುಂದು ಮುಂತಾಗಿ ಲೆಕ್ಕಕ್ಕೆ ಸಿಗದ ನಷ್ಟ ಇನ್ನೊಂದು. ಅದು ರಸ್ತೆ ಅಪಘಾತದ ಪ್ರಕರಣವಾದರೂ ಈ ವಿಂಗಡಣೆ ಇತರ ಗಾಯಗಳಿಗೂ ಮಾರ್ಗದರ್ಶಿಯಾಗಿದೆ. 2010ರ ರಾಜ್‌ಕುಮಾರ್ ಪ್ರಕರಣದಲ್ಲಿ, ದೇಹದ ಊನ ಶೇಕಡಾ ಎಷ್ಟೆಂಬುದಕ್ಕಿಂತ ಆ ಊನದಿಂದ ಆ ವ್ಯಕ್ತಿಯ ದುಡಿಮೆ ಎಷ್ಟು ಕುಂದಿತೆಂಬುದನ್ನು ನೋಡಬೇಕೆಂದು ಅದೇ ನ್ಯಾಯಾಲಯ ಹೇಳಿತು. ಎರಡು ಬೆರಳು ಹೋದುದು ಬಹುಜನರಿಗೆ ಅಲ್ಪ ಊನವೆನ್ನಿಸೀತು. ರೊಟ್ಟಿ ಬಡಿಯುವವರಿಗೆ ಅಂಗೈಯೂ ಬೆರಳುಗಳೂ ಬಂಡವಾಳ. ಆ ತಾಯಿ ಅಂಗಡಿಯವರಿಗೆ ಕೊಟ್ಟ ರೊಟ್ಟಿಯ ಲೆಕ್ಕವನ್ನು ಶಾಲೆಯ ನೋಟುಬುಕ್ಕಿನಲ್ಲಿ ಬರೆಸಿಟ್ಟಿದ್ದರು. ಈಗ ವಕೀಲರು ಅದನ್ನೇ ಮುಖ್ಯ ದಾಖಲೆಯಾಗಿ ಹಿಡಿದಿದ್ದಾರೆ. ಮನೆಯಲ್ಲಿ ದುಡಿಯುವ ತಾಯಂದಿರು ಲೆಕ್ಕವಿಡುವುದು ಎಷ್ಟು ಅವಶ್ಯವೆಂಬುದನ್ನು ಇದರಿಂದ ತಿಳಿಯಬಹುದು.

ಎದುರುಪಕ್ಷದವರು ಮೂರು ಮಾತುಗಳನ್ನು ಆಡುವುದುಂಟು. ಬಿದ್ದವರೇ ಎಚ್ಚರ ತಪ್ಪಿದರೆಂಬುದು ಮೊದಲನೆಯದು. ಎಚ್ಚರ ತಪ್ಪಿದ್ದು ನಿಜವಾದರೂ ಅದರ ಪಾಲಿನಷ್ಟು ಪರಿಹಾರ ಕಡಿಮೆಯಾಗಬಹುದೇ ಹೊರತು, ಮುರಿದ ಹಲ್ಲಿನ ಹೊಣೆ ಪೂರ್ತಿ ಅಳಿಯುವುದಿಲ್ಲ. ಸೀರೆಯುಡುವವರು ಬರುವರೆಂಬುದು ನಮ್ಮ ನಾಡಿನಲ್ಲಿ ಯಂತ್ರವಿಟ್ಟವರಿಗೆ ತಿಳಿಯದ ಸಂಗತಿಯಲ್ಲ. "ನಿಮ್ಮ ಜವಾಬ್ದಾರಿಯ ಮೇಲೆ ಬಳಸಿರಿ" ಎಂಬ ಫಲಕವಿತ್ತೆಂಬುದು ಎರಡನೆಯದು. ಗೋಡೆಗೆ ಫಲಕ ತೂಗುಹಾಕಿದ ಮಾತ್ರಕ್ಕೆ ಯಂತ್ರವನ್ನು ಸುಸ್ಥಿತಿಯಲ್ಲಿಡುವ ಕರ್ತವ್ಯ ತೀರಿಹೋಗದು. ಸಹಿ ಮಾಡಿಕೊಟ್ಟಿದ್ದೀರೆಂಬುದು ಮೂರನೆಯದು. ನೋವಿನಲ್ಲಿದ್ದವರಿಂದ ಓದಿ ಹೇಳದೆ, ಒತ್ತಡದಿಂದ ಪಡೆದ ಸಹಿಯನ್ನು 1872ರ ಕರಾರು ಅಧಿನಿಯಮದಡಿ ಪ್ರಶ್ನಿಸಬಹುದು. ಆದರೆ ಅದನ್ನು ರುಜುವಾತುಪಡಿಸುವ ಭಾರ ನಮ್ಮ ಮೇಲೆ ಬೀಳುತ್ತದೆ. ಆದುದರಿಂದ ಸಹಿ ಮಾಡದಿರುವುದೇ ಕ್ಷೇಮ.

ಅವಘಡವಾದ ದಿನವೇ ಮಾಡಬೇಕಾದ ಕೆಲಸಗಳನ್ನು ಪ್ರತಿ ಮನೆಯವರೂ ನೆನಪಿಡಬೇಕು. ಮೊದಲು ಕೆಂಪು ಗುಂಡಿಯನ್ನೊತ್ತಿ ಯಂತ್ರ ನಿಲ್ಲಿಸಬೇಕು. ಸ್ಥಳದ ಚಿತ್ರಗಳನ್ನು, ವಿಶೇಷವಾಗಿ ಮುರಿದ ಭಾಗವನ್ನು, ತೆಗೆದಿಟ್ಟುಕೊಳ್ಳಬೇಕು. ಕಂಡವರ ಹೆಸರು, ದೂರವಾಣಿ ಸಂಖ್ಯೆ ಬರೆದುಕೊಳ್ಳಬೇಕು. ಆಸ್ಪತ್ರೆಯಲ್ಲಿ ಗಾಯ ಹೇಗಾಯಿತೆಂಬುದನ್ನು ದಾಖಲಿಸಿ, ಪೊಲೀಸರಿಗೆ ತಿಳಿಸಬೇಕು. ಕೊಂಡ ವಸ್ತುವಿನ ರಸೀದಿ, ಹರಿದ ಸೀರೆ, ಔಷಧದ ಚೀಟಿ ಇವನ್ನು ಜೋಪಾನ ಮಾಡಬೇಕು. ಕ್ಯಾಮೆರಾದ ಚಿತ್ರಗಳು ಕೆಲವೇ ದಿನಗಳಲ್ಲಿ ಅಳಿಸಿಹೋಗಬಹುದಾದ್ದರಿಂದ, ಅವನ್ನು ಉಳಿಸಿಡಿರೆಂದು ಕಟ್ಟಡದವರಿಗೆ ಕೂಡಲೇ ಸ್ಪೀಡ್ ಪೋಸ್ಟ್ ಮೂಲಕ ಪತ್ರ ಬರೆದು ಪ್ರತಿಯನ್ನಿಟ್ಟುಕೊಳ್ಳಬೇಕು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೆಯ ಕಲಮಿನಂತೆ ಮಹಿಳೆಯರಿಗೂ ಮಕ್ಕಳಿಗೂ ಅವರ ವರಮಾನ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಬಿಳಿಯ ಹಾಳೆಯ ಅರ್ಜಿ ಕೊಟ್ಟರೂ ನಡೆಯುತ್ತದೆ. ದೂರವಾಣಿಯಾದರೆ 15100, ಗ್ರಾಹಕರ ಸಹಾಯವಾಣಿ 1915.

ಆ ತಾಯಿಯ ವಿಷಯಕ್ಕೆ ಬರೋಣ. ಆಯೋಗದ ಎರಡು ವರ್ಷ ಕಳೆದಿತ್ತು. ಮೂರು ವರ್ಷ ತುಂಬಲು ಇನ್ನೂ ಕೆಲವು ತಿಂಗಳಿದ್ದವು. ನಾವೇ ಅವರ ಮನೆಗೆ ಹೋಗಿ, ಹಿಂದೆ ಆಡಿದ ಮಾತು ತಪ್ಪಾಯಿತೆಂದು ಹೇಳಿದೆವು. ಆಗ ಅವರು ಎಡಗೈಯಿಂದ ರೊಟ್ಟಿ ಬಡಿಯುವುದನ್ನು ಕಲಿಯುತ್ತಿದ್ದರು. ಕಲ್ಲಿನ ಮೇಲಿದ್ದ ರೊಟ್ಟಿ ದುಂಡಗಾಗಿರಲಿಲ್ಲ. "ನಿಮ್ಮದೇನು ತಪ್ಪ್ರಿ ಶಾಸ್ತ್ರಿಗಳ? ನಾನೂ ಹಂಗs ಅಂದುಕೊಂಡಿದ್ದೆ," ಎಂದು ಅವರೇ ನಮ್ಮನ್ನು ಸಮಾಧಾನಪಡಿಸಿದರು. ಉಚಿತ ನೆರವಿನಿಂದ ಅವಧಿಯೊಳಗೆ ದಾವೆ ಹೂಡಲಾಗಿದೆ. ಸಹಿ ಮಾಡಿದ ಕಾಗದವನ್ನೇ ಎದುರುಪಕ್ಷದವರು ಮುಂದಿಟ್ಟಿದ್ದಾರೆ. ವಿಚಾರಣೆ ನಡೆಯುತ್ತಿದೆ, ಫಲ ಏನಾಗುವುದೋ ಹೇಳಲಾರೆವು.

ಸಹನೆಯು ಸದ್ಗುಣವೆಂಬುದರಲ್ಲಿ ಸಂಶಯವಿಲ್ಲ. ಆದರೆ ಒಬ್ಬರ ಅಲಕ್ಷ್ಯದಿಂದಾದ ಹಾನಿಯನ್ನು ಇನ್ನೊಬ್ಬರ ಹಣೆಬರಹವೆಂದು ಕರೆಯುವುದು ಸಹನೆಯಲ್ಲ. ಅದರಿಂದ ಮುರಿದ ಹಲ್ಲು ಹಾಗೆಯೇ ಉಳಿದು, ನಾಳೆ ಬೇರೊಂದು ಮಗುವಿನ ಕಾಲಿಗೆ ಕಾದಿರುತ್ತದೆ. ಹಿರಿಯರೆಂದು ನಮ್ಮಂಥವರ ಬಳಿ ಸಲಹೆಗೆ ಬರುವವರಿಗೆ ನಾವು ಈಗ ಹೇಳುವುದಿಷ್ಟೆ: ಸಮಾಧಾನದ ಮಾತಿಗೆ ನಮ್ಮಲ್ಲಿಗೆ ಬನ್ನಿರಿ, ಆದರೆ ಅದಕ್ಕೂ ಮೊದಲು ಕಾನೂನು ಸೇವಾ ಸಮಿತಿಯ ಬಾಗಿಲಿಗೆ ಹೋಗಿ, ತಾರೀಖನ್ನು ಬರೆದಿಟ್ಟುಕೊಂಡು ಬನ್ನಿರಿ.